ಮದುವೆ ಉಂಗುರಕ್ಕೆ ಟೈಟೇನಿಯಂ: ಲೋಹದ ಆಯ್ಕೆಯಿಂದ ಚಿನ್ನದ ಗೆರೆವರೆಗೆ

ಕೆಲಸ ಏನು

ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ದುಡಿಯುವ ಕೈಗೆ ಒಂದು ಮದುವೆ ಉಂಗುರ. ಒಳವ್ಯಾಸ 19.0 ಮಿ.ಮೀ., ಅಗಲ 5 ಮಿ.ಮೀ., ದಪ್ಪ 1.8 ಮಿ.ಮೀ. ದಿನವಿಡೀ ತಂತಿ, ಅರ, ಸ್ಪ್ಯಾನರ್ ಹಿಡಿಯುವ ಕೈ. ಮನೆಯವರ ಷರತ್ತು ಒಂದೇ: ಲೋಹ ಯಾವುದಾದರೂ ಇರಲಿ, ಚಿನ್ನ ಕಣ್ಣಿಗೆ ಕಾಣಬೇಕು.

ಅಳತೆಯ ಬಗ್ಗೆ ಒಂದು ಮಾತು. ನಮ್ಮ ಅಂಗಡಿಗಳ ನಂಬರು ಹೆಚ್ಚುಕಡಿಮೆ ಒಳಸುತ್ತಳತೆಯಲ್ಲಿ 40 ಕಳೆದಷ್ಟು. 19.0 ವ್ಯಾಸಕ್ಕೆ ಸುತ್ತಳತೆ 59.7, ಅಂದರೆ 20ನೇ ನಂಬರು. ಆದರೆ ಅಳತೆಕಡ್ಡಿಗಳು ಒಂದರಂತೆ ಒಂದು ಇರುವುದಿಲ್ಲ, ಸವೆದೂ ಇರುತ್ತವೆ. ಅಳತೆಬಳೆ ತೊಡಿಸಿ ನೋಡಿ, ಸರಿಹೊಂದಿದ ಬಳೆಯ ಒಳವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳುವುದೇ ಸರಿ. ಅದೂ ಸಂಜೆ ಹೊತ್ತು; ಬೆಳಗಿನ ಚಳಿಯಲ್ಲಿ ಬೆರಳು ಸಣ್ಣಗಿರುತ್ತದೆ. ಅಳತೆಬಳೆ ಕಿರಿದು, ಉಂಗುರ ಅಗಲ ಎಂದಾದರೆ ಉಂಗುರ ಬಿಗಿ ಅನಿಸುತ್ತದೆ, ಹಾಗಾಗಿ ಸಾಧ್ಯವಾದಷ್ಟು ಅದೇ ಅಗಲದ ಬಳೆಯಲ್ಲೇ ಅಳೆಯಬೇಕು.

ಲೋಹದ ಆಯ್ಕೆ (ಮುಗಿದಿದೆ)

‘ಗಟ್ಟಿ’ ಎಂದು ಅಂಗಡಿಯವರು ಹೇಳುವುದರಲ್ಲಿ ಮೂರು ಪ್ರಶ್ನೆ ಅಡಗಿವೆ: ಗೀರು ಬೀಳುತ್ತದೆಯೇ, ಬಾಗುತ್ತದೆಯೇ, ಒಡೆಯುತ್ತದೆಯೇ. ಒಂದಕ್ಕೆ ಒಳ್ಳೆಯ ಉತ್ತರ ಕೊಡುವ ಲೋಹ ಇನ್ನೊಂದಕ್ಕೆ ಕೈಕೊಡುತ್ತದೆ. ಇವುಗಳ ಜೊತೆ ನಾಲ್ಕನೆಯ ಪ್ರಶ್ನೆಯೂ ಇದೆ, ಅದನ್ನು ಯಾರೂ ಕೇಳುವುದಿಲ್ಲ: ಬೆರಳು ಊದಿಕೊಂಡರೆ ಕತ್ತರಿಸಿ ತೆಗೆಯಲು ಬರುತ್ತದೆಯೇ? ಈ ಕೆಲಸದಲ್ಲಿ ತೀರ್ಮಾನ ಆದದ್ದು ಇದರ ಮೇಲೆಯೇ.

22 ಕ್ಯಾರೆಟ್ ಚಿನ್ನ ಮೊದಲು ಪಟ್ಟಿಯಿಂದ ಹೊರಬಿತ್ತು. ಚರ್ಮಕ್ಕೆ ಅದರಷ್ಟು ಹಿತವಾದದ್ದು ಕಡಿಮೆ. ಬೆರೆಸುವುದು ಸಾಮಾನ್ಯವಾಗಿ ತಾಮ್ರ ಮತ್ತು ಬೆಳ್ಳಿ, ನಿಕ್ಕಲ್ ಅಲ್ಲ. ಆಸ್ಪತ್ರೆಯ ಕೈಕಟರ್‌ಗೂ ಸುಲಭವಾಗಿ ಬಗ್ಗುತ್ತದೆ. ಆದರೆ ಮೆದು. ಕಾಯಿಸಿ ಮೆದುಮಾಡಿದ ಸ್ಥಿತಿಯಲ್ಲಿ ಗಡಸುತನ ವಿಕರ್ಸ್ ಎಂಬ ಮಾಪನದಲ್ಲಿ 100ಕ್ಕೂ ಕೆಳಗೆ. ಸ್ಪ್ಯಾನರ್ ಬಿಗಿ ಹಿಡಿದು ತಿರುಗಿಸುವ ಕೈಯಲ್ಲಿ ಅದು ಗುಂಡಗೆ ಉಳಿಯುವುದಿಲ್ಲ. ಮೇಲಾಗಿ ಇದೇ ಅಳತೆಗೆ 10 ಗ್ರಾಂ ದಾಟುತ್ತದೆ. (ಹಳೆಯ ಬಿಲ್ಲುಗಳಲ್ಲಿ ಕಾಣುವ ‘ಕೆಡಿಎಂ’ ಶುದ್ಧತೆಯ ಗುರುತಲ್ಲ, ಕ್ಯಾಡ್ಮಿಯಂ ಬೆಸುಗೆಯ ಹೆಸರು. ಅದರ ಹೊಗೆ ಅಕ್ಕಸಾಲಿಗರ ಶ್ವಾಸಕೋಶಕ್ಕೆ ವಿಷ. ಈಗ ನೋಡಬೇಕಾದದ್ದು ಬಿಐಎಸ್ ಗುರುತು, 22 ಕ್ಯಾರೆಟ್ ಸೂಚಿಸುವ 916 ಅಂಕಿ, ಒಂದೊಂದು ಆಭರಣಕ್ಕೂ ಬೇರೆಯಾಗಿರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಆಭರಣ ಮಾರುವಂತಿಲ್ಲ.)

18 ಕ್ಯಾರೆಟ್ ಇನ್ನಷ್ಟು ಗಟ್ಟಿ, ನಿಜಕ್ಕೂ ಒಳ್ಳೆಯ ಆಯ್ಕೆ. ‘ಬಿಳಿ ಚಿನ್ನ’ ಎಂದಾಗ ಮಾತ್ರ ಬಿಳುಪು ಬಂದದ್ದು ಪಲ್ಲಾಡಿಯಂನಿಂದಲೋ ನಿಕ್ಕಲ್‌ನಿಂದಲೋ ಎಂದು ಕೇಳಿ ತಿಳಿದುಕೊಳ್ಳಬೇಕು. ಮೇಲಿನ ರೋಡಿಯಂ ಲೇಪ ಸವೆದ ಮೇಲೆ ಒಳಗಿನ ನಿಕ್ಕಲ್ ಚರ್ಮಕ್ಕೆ ತಾಗುತ್ತದೆ. ಜೀನ್ಸ್ ಗುಂಡಿ ತಾಗಿದ ಕಡೆ ತುರಿಕೆ ಬರುವವರು ಈ ಪ್ರಶ್ನೆ ಕೇಳದೆ ಹಣ ಕೊಡಬಾರದು.

950 ಪ್ಲಾಟಿನಂ (ಸಾವಿರಕ್ಕೆ 950 ಪಾಲು ಪ್ಲಾಟಿನಂ) ಸುಮಾರು 12 ಗ್ರಾಂ ತೂಗುತ್ತದೆ. ಗೀರು ಬಿದ್ದರೂ ಲೋಹ ಉದುರಿಹೋಗುವುದು ಕಡಿಮೆ, ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಅದಕ್ಕೇ ದಶಕಗಳು ಬಾಳುತ್ತದೆ. ಇಲ್ಲಿ ಬಿಟ್ಟದ್ದು ಬೆಲೆಗೂ ತೂಕಕ್ಕೂ.

ಟಂಗ್‌ಸ್ಟನ್ ಕಾರ್ಬೈಡ್ ಅಂಗಡಿಯಲ್ಲಿ ಮಿರಿಮಿರಿ ಮಿಂಚುವ ವಸ್ತು. ಗಡಸುತನ 1000ಕ್ಕೂ ಎಷ್ಟೋ ಮೇಲೆ, ಗೀರೇ ಬೀಳದು ಎನ್ನಬಹುದು. ಆದರೆ ಅದು ಲೋಹಕ್ಕಿಂತ ಪಿಂಗಾಣಿಯ ಸ್ವಭಾವದ್ದು: ಬಾಗದು, ಕಾಂಕ್ರೀಟ್ ಮೇಲೆ ಬಿದ್ದರೆ ಒಡೆಯಬಹುದು. ಕೈಕಟರ್ ಹಲ್ಲು ಅದರ ಮೇಲೆ ಜಾರುತ್ತದೆ. ತೆಗೆಯುವ ದಾರಿಯೆಂದರೆ ಲಾಕಿಂಗ್ ಪ್ಲೈಯರ್‌ನಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಬಿಗಿ ಏರಿಸಿ ಸೀಳಿಸುವುದು. ಗೊತ್ತಿರುವವರ ಕೈಯಲ್ಲಿ ಇದು ಬೇಗ ಆಗುತ್ತದೆ, ಗೊತ್ತಿಲ್ಲದವರು ಕಟರ್ ಹಿಡಿದು ಹೊತ್ತು ಕಳೆಯುತ್ತಾರೆ. ಕೊಳ್ಳುವುದೇ ಆದರೆ ಅಂಟಿಸುವ ಲೋಹ ಕೋಬಾಲ್ಟ್ ಅಲ್ಲದ್ದನ್ನು ಕೇಳಿ. ಕೋಬಾಲ್ಟ್ ಬೆವರಿಗೆ ಕರಗಿ ಕಪ್ಪಾಗುತ್ತದೆ, ಅಲರ್ಜಿಯೂ ಬರಬಹುದು. ಬದಲಿಗೆ ನಿಕ್ಕಲ್ ಹಾಕಿರುತ್ತಾರೆ, ಅದು ಕೆಲವರಿಗೆ ಇನ್ನೊಂದು ತಲೆನೋವು.

316ಎಲ್ ಸ್ಟೇನ್‌ಲೆಸ್ ಸ್ಟೀಲಿನಲ್ಲಿ 10ರಿಂದ 14 ಶೇಕಡಾ ನಿಕ್ಕಲ್ ಇದೆ. ಮೇಲ್ಪದರ ಚೆನ್ನಾಗಿದ್ದರೆ ಹೊರಬರುವುದು ಅತ್ಯಲ್ಪ, ಬಹಳ ಜನರಿಗೆ ತೊಂದರೆಯಿಲ್ಲ. ಅಗ್ಗ, ಗಟ್ಟಿ. ಈಗಾಗಲೇ ನಿಕ್ಕಲ್ ಅಲರ್ಜಿ ಇರುವವರಿಗೆ ಬೇಡ.

ಉಳಿದದ್ದು ಟೈಟೇನಿಯಂ. ನಿಕ್ಕಲ್ ಇಲ್ಲ, ಬೆವರು, ಉಪ್ಪುನೀರಿಗೆ ಜಗ್ಗದು, ಈ ಅಳತೆಗೆ ತೂಕ ಸುಮಾರು 2.6 ಗ್ರಾಂ.

ಗ್ರೇಡ್ 5 ಅಲ್ಲ, ಗ್ರೇಡ್ 2

ಮಾರುವವರೆಲ್ಲ ‘ವಿಮಾನದ ಟೈಟೇನಿಯಂ’ ಎಂದು ಗ್ರೇಡ್ 5 ತೋರಿಸುತ್ತಾರೆ. ಅದರಲ್ಲಿ 6 ಶೇಕಡಾ ಅಲ್ಯೂಮಿನಿಯಂ, 4 ಶೇಕಡಾ ವನೇಡಿಯಂ. ಬಾಗಲು ಶುರುವಾಗುವ ಬಲ ಕನಿಷ್ಠ 828 ಮೆಗಾಪಾಸ್ಕಲ್. ಶುದ್ಧ ಟೈಟೇನಿಯಂ ಎನಿಸುವ ಗ್ರೇಡ್ 2ರದ್ದು 275. ಕಾಗದದ ಮೇಲೆ ಗ್ರೇಡ್ 5 ಮೂರು ಪಟ್ಟು ಮೇಲು.

ಆದರೆ 1.8 ಮಿ.ಮೀ. ದಪ್ಪದ ಉಂಗುರಕ್ಕೆ ದಿನದ ಬಳಕೆಯಲ್ಲಿ 275 ಸಾಕು. ಗೀರಿನ ವಿಷಯಕ್ಕೆ ಬಂದರೆ ಗ್ರೇಡ್ 2 ವಿಕರ್ಸ್‌ನಲ್ಲಿ 150ರಿಂದ 200, ಗ್ರೇಡ್ 5 ಸುಮಾರು 350. ನೆಲದ ಮರಳು, ಸಿಮೆಂಟ್ ಗೋಡೆಯಲ್ಲಿರುವ ಸ್ಫಟಿಕದ ಕಣ 1000ದ ಆಸುಪಾಸು. ಅಂದರೆ ಮರಳು ಎರಡನ್ನೂ ಗೀರುತ್ತದೆ, ಸ್ವಲ್ಪ ಹೆಚ್ಚು ಕಡಿಮೆ ಅಷ್ಟೆ. ಈ ಸಣ್ಣ ಲಾಭಕ್ಕೆ ಕೊಡುವ ಬೆಲೆ ದೊಡ್ಡದು: ಕೈಯಿಂದ ತಿರುಗಿಸುವ ಸಾಮಾನ್ಯ ಕಟರ್‌ಗೆ ಗ್ರೇಡ್ 5 ಬಹಳ ಹೊತ್ತು ಹಿಡಿಸುತ್ತದೆ, ಹಲ್ಲು ಮೊಂಡಾಗುತ್ತದೆ. ಗ್ರೇಡ್ 2ರಲ್ಲಿ ಹಲ್ಲು ಕಚ್ಚುತ್ತದೆ. ಎರಡರಲ್ಲೂ ಒಂದು ಕಡೆ ಕತ್ತರಿಸಿ ಬಿಡಿಸುವುದು ಕಷ್ಟ, ಲೋಹ ಸ್ಪ್ರಿಂಗಿನಂತೆ ಎದುರಾಡುತ್ತದೆ. ಎದುರುಬದುರು ಎರಡು ಕಡೆ ಕತ್ತರಿಸಿ ಎರಡು ಹೋಳಾಗಿ ತೆಗೆಯಬೇಕು. ಟೈಟೇನಿಯಂ ಶಾಖ ಸಾಗಿಸುವುದರಲ್ಲಿ ಮಂದ, ಬಿಸಿ ಕತ್ತರಿಸುವ ಜಾಗದಲ್ಲೇ ನಿಲ್ಲುತ್ತದೆ. ಕೆಳಗೆ ತೆಳು ತಗಡು ತೂರಿಸಿ ನೀರು ಹನಿಸುತ್ತಿರಬೇಕು.

ಯಾವ ಲೋಹವೂ ಕಾಪಾಡದ ಒಂದು ಸಂಗತಿ ಇದೆ. ಬ್ಯಾಟರಿ ಟರ್ಮಿನಲ್ ಮತ್ತು ಸ್ಪ್ಯಾನರ್ ನಡುವೆ ಸಿಕ್ಕ ಉಂಗುರ ಕ್ಷಣದಲ್ಲಿ ಕೆಂಪಾಗುತ್ತದೆ, ಟೈಟೇನಿಯಂ ಆದರೂ ಅಷ್ಟೆ. ತಿರುಗುವ ಶಾಫ್ಟಿಗೆ ಸಿಕ್ಕರೆ ಉಂಗುರ ಒಡೆಯುವ ಮೊದಲು ಬೆರಳಿನ ಚರ್ಮ ಕಿತ್ತು ಬರುತ್ತದೆ. ಕೆಲಸದ ಹೊತ್ತಿಗೆ ಉಂಗುರ ತೆಗೆದಿಡಬೇಕು, ಇಲ್ಲವೇ ಎಳೆದರೆ ಹರಿಯುವ ಸಿಲಿಕಾನ್ ಉಂಗುರ ಹಾಕಬೇಕು.

ಸರಳು

25 ಮಿ.ಮೀ. ದುಂಡು ಸರಳು, 60 ಮಿ.ಮೀ. ಉದ್ದ. ಬೆಂಗಳೂರಿನ ಪೀಣ್ಯ ಕಡೆಯ ಮಷಿನ್ ಶಾಪ್‌ಗಳಲ್ಲಿ ಉಳಿಕೆ ತುಂಡು ಸಿಗುತ್ತದೆ, ಟೆಸ್ಟ್ ಸರ್ಟಿಫಿಕೇಟಿನ ನಕಲು ಕೇಳಿ ಪಡೆಯಬೇಕು. ನೀರಿನಲ್ಲಿ ತೂಗಿ ಸಾಂದ್ರತೆ ನೋಡಿದರೆ (ಟೈಟೇನಿಯಂ 4.5, ಸ್ಟೀಲ್ 8, ಅಲ್ಯೂಮಿನಿಯಂ 2.7) ಟೈಟೇನಿಯಂ ಹೌದೋ ಅಲ್ಲವೋ ತಿಳಿಯುತ್ತದೆ. ಗ್ರೈಂಡರಿಗೆ ತಾಗಿಸಿದರೆ ಬೆಳ್ಳಗಿನ ಪ್ರಖರ ಕಿಡಿಯೂ ಗುರುತು. ಗ್ರೇಡ್ 2 ಮತ್ತು 5ರ ಸಾಂದ್ರತೆ 4.51 ಮತ್ತು 4.43, ಮನೆ ತಕ್ಕಡಿಯಲ್ಲಿ ಈ ವ್ಯತ್ಯಾಸ ನಂಬುವಂತಿಲ್ಲ. ಅದಕ್ಕೆ ಲೋಹದ ಬೆರಕೆ ಪರೀಕ್ಷಿಸುವ ಎಕ್ಸ್‌ಆರ್‌ಎಫ್ ಯಂತ್ರವೇ ಬೇಕು.

ಲೇತ್ ಕೆಲಸ (ಮುಗಿದಿದೆ)

ಟೈಟೇನಿಯಂಗೆ ನಿಯಮ ಒಂದೇ: ವೇಗ ಕಡಿಮೆ, ಟೂಲ್ ಚೂಪು, ಕೂಲಂಟ್ (ತಂಪು ಮಾಡುವ ದ್ರವ) ಧಾರಾಳ, ಟೂಲ್ ಸುಮ್ಮನೆ ಉಜ್ಜುತ್ತಾ ನಿಲ್ಲಬಾರದು. ನಿಂತರೆ ಮೇಲ್ಮೈ ಗಡಸಾಗಿ ಮಿಂಚುತ್ತದೆ, ಮುಂದಿನ ಸುತ್ತಿನಲ್ಲಿ ಟೂಲ್ ಮೂತಿ ಹೋಗುತ್ತದೆ. ಗ್ರೇಡ್ 2 ಸ್ವಲ್ಪ ಅಂಟಂಟು ಕೂಡ. ಟೂಲಿನ ತುದಿಗೆ ಲೋಹ ಮೆತ್ತಿಕೊಂಡು ಮೈ ಕಿತ್ತಂತಾಗುತ್ತದೆ. ಅಲ್ಯೂಮಿನಿಯಂಗೆಂದು ಮಾರುವ, ಲೇಪವಿಲ್ಲದ, ನುಣುಪು ಮೈಯ ಸಿಸಿಜಿಟಿ ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ, ಕತ್ತರಿಸುವ ಬಿಲ್ಲೆ) ಇದಕ್ಕೆ ಹೊಂದುತ್ತದೆ.

ಮುಖ ಸಾಪು ಮಾಡಿ, ಸೆಂಟರ್ ಗುರುತು ಹಾಕಿ, 8 ಮಿ.ಮೀ. ಡ್ರಿಲ್ 600 ಆರ್‌ಪಿಎಂ, ನಂತರ 16 ಮಿ.ಮೀ. 300 ಆರ್‌ಪಿಎಂ. ಡ್ರಿಲ್ಲನ್ನು ಆಗಾಗ ಹೊರಗೆಳೆದು ಸಿಪ್ಪೆ ತೆಗೆಯಬೇಕು, ಆದರೆ ಒಳಗಿರುವಷ್ಟು ಹೊತ್ತು ಒತ್ತಡ ಬಿಡಬಾರದು. ಬೋರಿಂಗ್ (ರಂಧ್ರ ಹಿಗ್ಗಿಸುವುದು) 800 ಆರ್‌ಪಿಎಂನಲ್ಲಿ 18.9ರವರೆಗೆ, ಕೊನೆಯ ಕಡಿತ 0.2 ಮಿ.ಮೀ. ಅದಕ್ಕಿಂತ ತೆಳುವಾದರೆ ಟೂಲ್ ಕತ್ತರಿಸುವುದಿಲ್ಲ, ಉಜ್ಜುತ್ತದೆ. ಹೊರಮೈ 600 ಆರ್‌ಪಿಎಂ, ಪ್ರತಿ ಸುತ್ತಿಗೂ ಟೂಲ್ 0.1 ಮಿ.ಮೀ. ಮುಂದೆ, 22.6ರವರೆಗೆ.

ಒಳರಂಧ್ರವನ್ನು ಸರಳಿನಲ್ಲಿರುವಾಗಲೇ ಮುಗಿಸಬೇಕು. ತುಂಡು ಮಾಡಿದ ಉಂಗುರವನ್ನು ಮೂರು ದವಡೆಯ ಚಕ್‌ನಲ್ಲಿ ಹಿಡಿದು ಬೋರ್ ಮಾಡಿದರೆ ಹಿಡಿದಷ್ಟು ಹೊತ್ತು ಗುಂಡಗೆ, ಬಿಟ್ಟೊಡನೆ ಮೂರು ಮೂಲೆ. ಸ್ಟೀಲಿಗಿಂತ ಟೈಟೇನಿಯಂ ಹೆಚ್ಚು ಬಳುಕುತ್ತದೆ. ಚಿನ್ನಕ್ಕೆ ಬೇಕಾದ ತೋಡನ್ನೂ ಈ ಹಂತದಲ್ಲೇ ಕೊರೆದು, 2 ಮಿ.ಮೀ. ಪಾರ್ಟಿಂಗ್ ಟೂಲಿನಿಂದ 5.2 ಅಗಲಕ್ಕೆ ಕತ್ತರಿಸಿದ್ದಾಯಿತು. ಇನ್ನೊಂದು ಬದಿಯನ್ನು ನೈಲಾನ್ ಮ್ಯಾಂಡ್ರಲ್ (ಉಂಗುರದೊಳಗೆ ತೂರಿಸಿ ಹಿಡಿಯುವ ದುಂಡು ಸರಳು) ಮೇಲೆ ಹಿಡಿದು ಸಾಪು ಮಾಡಬೇಕು. ಸ್ಟೀಲ್ ಮ್ಯಾಂಡ್ರಲ್‌ಗೆ ಟೈಟೇನಿಯಂ ಕಚ್ಚಿಕೊಳ್ಳುತ್ತದೆ.

ಸಿಪ್ಪೆಯನ್ನು ಯಂತ್ರದ ಕೆಳಗೆ ಗುಡ್ಡೆ ಬಿಡುವುದು ಅಪಾಯ. ನವಿರು ಸಿಪ್ಪೆ, ಪುಡಿ ಹತ್ತಿಕೊಂಡರೆ ನೀರು ಹಾಕಬಾರದು, ಬೆಂಕಿ ಇನ್ನೂ ಕೆರಳುತ್ತದೆ. ಒಂದು ಡಬ್ಬ ಒಣಮರಳು ಕೈಗೆ ಎಟಕುವಂತಿರಲಿ.

ಎಮರಿ ಪೇಪರ್ 220, 400, 600, 800 ನೀರು ಹಾಕಿ, ಒಳಮೈಗೆ 1200ರವರೆಗೆ. ಒಳ ಅಂಚುಗಳನ್ನು ಉರುಟು ಮಾಡಿದ್ದರಿಂದ ಉಂಗುರ ಬೆರಳ ಗಂಟಿನ ಮೇಲೆ ಸಲೀಸಾಗಿ ಜಾರುತ್ತದೆ. ಹೊರಮೈಗೆ ಕನ್ನಡಿ ಹೊಳಪು ಕೊಡುವ ಯೋಚನೆ ಬಿಟ್ಟಾಯಿತು: ಬಫ್ ಮೇಲೆ ಗ್ರೇಡ್ 2 ಬಿಸಿಯಾಗಿ ಮೈ ಕದಡುತ್ತದೆ, ಆ ಹೊಳಪಿನ ಮೇಲೆ ಒಂದೊಂದು ಗೀರೂ ಎದ್ದು ಕಾಣುತ್ತದೆ. ಸ್ಕಾಚ್‌ಬ್ರೈಟ್ ಉಜ್ಜಿದ ಮಂದ ಮೈ ಮುಂದೆ ಮನೆಯಲ್ಲೇ ಸರಿಪಡಿಸಿಕೊಳ್ಳಬಹುದು.

ಚಿನ್ನದ ಗೆರೆ (ನಡೆಯುತ್ತಿದೆ)

ಟೈಟೇನಿಯಂಗೆ ಅಕ್ಕಸಾಲಿಗರ ಬೆಸುಗೆ ಹಿಡಿಯುವುದಿಲ್ಲ, ಮೇಲಿನ ಆಕ್ಸೈಡ್ ಪದರ ಬಿಡುವುದಿಲ್ಲ. ಚಿನ್ನವನ್ನು ಬಡಿದೇ ಕೂರಿಸಬೇಕು. ತೋಡು ಬಾಯಿಯಲ್ಲಿ 1.0 ಮಿ.ಮೀ., ತಳದಲ್ಲಿ 1.2, ಆಳ 0.6. ಬಾಯಿ ಕಿರಿದು ತಳ ಅಗಲ ಇರುವುದರಿಂದ ಬಡಿದ ಚಿನ್ನ ಹರಡಿ ಸಿಕ್ಕಿಕೊಳ್ಳುತ್ತದೆ. ನೇರ ಗೋಡೆಯ ತೋಡಿನಲ್ಲಿ ತಂತಿ ಇವತ್ತು ಕೂತು ಇನ್ನೊಂದು ದಿನ ಏಳುತ್ತದೆ.

ತಂತಿ 24 ಕ್ಯಾರೆಟ್, 1.0 ಮಿ.ಮೀ. ದಪ್ಪ, ಸುಮಾರು 70 ಮಿ.ಮೀ., ತೂಕ 1 ಗ್ರಾಂಗಿಂತ ತುಸು ಹೆಚ್ಚು. ತಂತಿಯ ಅಡ್ಡಕೊಯ್ತ 0.79 ಚದರ ಮಿ.ಮೀ., ತೋಡಿನದು 0.66, ಮಿಕ್ಕದ್ದು ಉಬ್ಬಿ ನಿಲ್ಲುತ್ತದೆ, ಅದನ್ನು ಅರದಿಂದ ತೆಗೆಯಬೇಕು, ಅರಪುಡಿ ಹಿಡಿದಿಡಬೇಕು. 22 ಕ್ಯಾರೆಟ್ ತಂತಿ ಅಗ್ಗವಾದರೂ ಬಡಿದಂತೆ ಬೇಗ ಗಡಸಾಗಿ ಮೂಲೆಗೆ ಹರಿಯುವುದಿಲ್ಲ. 2 ಗ್ರಾಂ ಒಳಗಿನದಕ್ಕೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಹಾಗಾಗಿ ಬೆಂಗಳೂರಿನ ಚಿನ್ನದ ಪೇಟೆಯಾದ ನಗರ್ತಪೇಟೆಯಂಥ ಕಡೆ ಕೊಂಡರೆ ಅಲ್ಲೇ ಪರೀಕ್ಷೆ ಮಾಡಿಸಿ ಚೀಟಿ ಪಡೆಯುವುದು ಒಳ್ಳೆಯದು.

ತಂತಿಯ ಎರಡೂ ತುದಿ ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಕೂರಿಸಬೇಕು. ನೇರ ಕತ್ತರಿಸಿದರೆ ಕೂಡುವಲ್ಲಿ ಕಪ್ಪು ಗೆರೆ ಬಿಡುತ್ತದೆ. ಹಿತ್ತಾಳೆ ಉಳಿಯಿಂದ, ಸಣ್ಣ ಸುತ್ತಿಗೆಯಲ್ಲಿ, ಕೂಡುವ ಜಾಗದಿಂದ ಶುರುಮಾಡಿ ಎದುರು ಬದಿಗೆ. ಒಂದೇ ದಿಕ್ಕಿನಲ್ಲಿ ಸುತ್ತಿದರೆ ತಂತಿ ಉದ್ದವಾಗುತ್ತಾ ಕೊನೆಯಲ್ಲಿ ಗಂಟಾಗಿ ಎದ್ದು ನಿಲ್ಲುತ್ತದೆ. ಸದ್ಯ ಅರ್ಧ ಸುತ್ತು ಕೂತಿದೆ. ಪೂರ್ತಿಯಾದ ಮೇಲೆ ಚಿನ್ನವನ್ನು ಟೈಟೇನಿಯಂ ಮೈಗಿಂತ ಕೂದಲೆಳೆಯಷ್ಟು ಕೆಳಗೆ ಇಳಿಸಬೇಕು. ಉಜ್ಜುವಿಕೆಯನ್ನು ಟೈಟೇನಿಯಂ ತಿನ್ನಲಿ, ಚಿನ್ನ ಉಳಿಯಲಿ.

ಬಾಕಿ

ಒಳಮೈಗೆ ನೀಲಿ ಬಣ್ಣ. ಅಡುಗೆ ಸೋಡಾ ಕದಡಿದ ನೀರು, ಮೂರು 9 ವೋಲ್ಟ್ ಬ್ಯಾಟರಿ ಸಾಲಾಗಿ ಜೋಡಿಸಿದರೆ 27 ವೋಲ್ಟ್. ಉಂಗುರ ಧನ ತುದಿಗೆ, ಸ್ಟೀಲ್ ಚಮಚ ಋಣ ತುದಿಗೆ. ಬಣ್ಣ ವೋಲ್ಟೇಜಿಗೆ ತಕ್ಕಂತೆ ದಪ್ಪವಾಗುವ ಆಕ್ಸೈಡ್ ಪದರದ್ದು, ಶಾಯಿಯದ್ದಲ್ಲ. ಚಿನ್ನಕ್ಕೆ ಆ ಪದರ ಬೆಳೆಯುವುದಿಲ್ಲ, ವಿದ್ಯುತ್ ಅದರ ಮೂಲಕ ಸೋರುತ್ತದೆ, ಆದ್ದರಿಂದ ಚಿನ್ನದ ಗೆರೆಗೆ ಮೊದಲು ಉಗುರುಬಣ್ಣ ಬಳಿದು ಮುಚ್ಚಬೇಕು. ಹೊರಮೈಗೆ ಬಣ್ಣ ಹಾಕುವುದಿಲ್ಲ, ಅದು ಬೇಗ ಸವೆದುಹೋಗುತ್ತದೆ.

ಬಣ್ಣಕ್ಕೆ ಮೊದಲು ಒಳಮೈಯಲ್ಲಿ ‘ಟಿಐ 2’ ಎಂದು ಕೆತ್ತಬೇಕು, ತುರ್ತು ವಿಭಾಗದಲ್ಲಿ ಕಟರ್ ಹಿಡಿದವರಿಗೆ ಲೋಹ ಯಾವುದೆಂದು ತಿಳಿಯಲಿ ಎಂದು. ಈ ಉಂಗುರವನ್ನು ಬಡಿದು ಹಿಗ್ಗಿಸಲಾಗದು, ಒಳವ್ಯಾಸ 0.2 ಮಿ.ಮೀ. ಹೆಚ್ಚುವಷ್ಟು ಕೊರೆದು ಸುಮಾರು ಅರ್ಧ ನಂಬರು ಸಡಿಲಿಸಬಹುದು, ಅದಕ್ಕಿಂತ ಹೆಚ್ಚು ಬೇಕಾದರೆ ಹೊಸದು ಮಾಡಬೇಕು. ಅದಕ್ಕೇ ಸರಳಿನ ಉಳಿದ ತುಂಡಿಗೆ ಚೀಟಿ ಅಂಟಿಸಿ ಎತ್ತಿಟ್ಟಿದೆ. ಇದರ ಪಕ್ಕದಲ್ಲಿ 22 ಕ್ಯಾರೆಟ್ ಉಂಗುರ ತೊಡಬೇಡಿ ಎಂದು ಮನೆಯವರಿಗೆ ಹೇಳುವುದೂ ಬಾಕಿ ಇದೆ, ಟೈಟೇನಿಯಂ ಅದನ್ನು ಅರದಂತೆ ಸವೆಸುತ್ತದೆ.