ಮುತ್ಯಾನ ಹತ್ಯಾರಕ್ಕ ಒಂದು ಪೆಟಿಗಿ

ಎರಡ ವರ್ಷದ ಹಿಂದ ಸೇಡಂ ತಾಲೂಕಿನ ನಮ್ಮ ಊರಾಗ ಹಳಿ ಮಾಳಗಿ ಮನಿ ಕೆಡವಿದಿವಿ. ಗ್ವಾಡಿ ಬಿರಕ ಬಿಟ್ಟಿದ್ವು, ಮ್ಯಾಲಿನ ಮಣ್ಣು ಪ್ರತಿ ಮಳಿಗಾಲಕ್ಕ ಸೋರತಿತ್ತು, ಇನ್ನ ಇಡೂದು ಆಗಲ್ಲ ಅಂತ ಅಪ್ಪ ಕಾಕಾ ಇಬ್ರೂ ಕೂತು ಮಾತಾಡಿ ತೆಗಸಿದ್ರು. ಆ ಧೂಳಿನಾಗ, ಒಳಗಿನ ಖೋಲಿ ಮಾಡದಾಗಿಂದ ಒಂದು ಗೊಬ್ಬರದ ಚೀಲ ಸಿಕ್ತು. ಎತ್ತಿದ್ರ ಭಾರ, ಒಳಗ ಕಬ್ಬಣದ ಸಪ್ಪಳ. ಬಿಚ್ಚಿದ್ರ ಮುತ್ಯಾನ ಹತ್ಯಾರ. ಬಾಚಿ, ಐದು ಉಳಿ, ಹಲಗಿ ಕೀಸೋ ಒಂದು ಕಟಗಿ ರಂದಾ, ಗರಗಸ, ತೂತು ಕೊರಿಯೋ ಬೈರಿಗಿ, ಮೂಲಿ ನೋಡೋ ಗುನ್ಯಾ, ಒಂದು ಅರ, ಒಂದು ಕೊಡತಿ. ಅವ್ವ ನೋಡಿ ಸುಮ್ನ ನಿಂತಳು, ಆಮ್ಯಾಲ "ಇವನ್ನ ಗುಜರಿಗಿ ಹಾಕಬ್ಯಾಡ್ರಿ" ಅಂದಳು ಅಷ್ಟ.

ಮುತ್ಯಾ ಊರ ಬಡಿಗ. ಚಕ್ಕಡಿ, ಕೂರಿಗಿ, ಕುಂಟಿ, ಬಾಗಲ, ತೊಟ್ಟಲ ಎಲ್ಲಾ ಅವನ ಕೈಯಾಗ ಆಗತಿದ್ವು. ರೊಕ್ಕ ಅನ್ನೋದು ಕಡಿಮಿ, ರಾಶಿ ಆದ ಮ್ಯಾಲ ಪ್ರತಿ ಮನಿಯವ್ರು ಆಯ ಅಂತ ಜ್ವಾಳ, ತೊಗರಿ ಕೊಡತಿದ್ರು, ವರ್ಷಪೂರ್ತಿ ಅವ್ರ ಮನಿ ಒಕ್ಕಲತನದ ಸಾಮಾನ ರಿಪೇರಿ ಇವನದು. ಟ್ರ್ಯಾಕ್ಟರ್ ಬಂದ ಮ್ಯಾಲ ಆ ಲೆಕ್ಕ ನಿಂತ ಹೋಯ್ತು. ಅಪ್ಪ ನೌಕರಿ ಹಿಡದ, ನಾ ಕಲಬುರಗ್ಯಾಗ ದಿನಾ ಕಂಪ್ಯೂಟರ್ ಮುಂದ ಕೂಡ್ತೀನಿ. ಮೂರನೇ ತಲಿಗಿ ಗರಗಸ ಹಿಡಿಯೋ ಕೈ ನಮ್ಮ ಮನ್ಯಾಗ ಇಲ್ಲ.

ಹತ್ಯಾರ ಕಲಬುರಗಿಗಿ ತಂದು ಟೆರೇಸ್ ಮ್ಯಾಲ ಹರಡಿದೆ. ರಂದಾದ ಬ್ಲೇಡು, ಗರಗಸ ಪೂರಾ ತುಕ್ಕ. ಆದ್ರ ಉಳಿಗಳ ಮ್ಯಾಲ ಹಳದಿ ಬಣ್ಣದ ಒಂದು ಜಿಗಟ ಪದರ ಕೂತಿತ್ತು, ಉಗುರಲೆ ಕೆರದ್ರ ವಾರ್ನಿಶ್ ಎದ್ದಂಗ ಏಳ್ತಿತ್ತು. ಅದು ಕುಸುಬಿ ಎಣ್ಣಿ. ಮುತ್ಯಾ ಕೊನೀ ಸಲ ಒರಸಿ ಇಟ್ಟಿದ್ದು. ಕುಸುಬಿ ಎಣ್ಣಿ ಗಾಳಿಗಿ ಒಣಗಿ ಗಟ್ಟಿ ಆಗ್ತದ, ಅದಕ್ಕ ಹತ್ಯಾರಕ್ಕ ಮಷೀನ್ ಎಣ್ಣೀನ ಚಲೋ ಅಂತಾರ ಖರೇ, ಆದ್ರ ಇಲ್ಲಿ ಆ ಪದರಾನ ಉಳಿ ಉಳಿಸಿತ್ತು. ಸೀಮಿಎಣ್ಣಿ ಹಚ್ಚಿ ಒರಸಿದ್ರ ಕೆಳಗ ಬಿಳಿ ಉಕ್ಕು. ಇಷ್ಟ ವರ್ಷ ಚೀಲದಾಗ ಬಿದ್ದಿದ್ದು ಹಿಂಗ ಹೊಳೀತದ ಅಂದ್ರ ನನಗ ಗಂಟಲ ಕಟ್ಟಿದಂಗ ಆಯ್ತು. ಅವತ್ತೇ ಅನ್ಕೊಂಡೆ, ಇವಕ್ಕ ಮತ್ತ ಚೀಲ ಬ್ಯಾಡ, ಒಂದು ಪೆಟಿಗಿ ಮಾಡ್ಬೇಕು, ಅದನ್ನ ಇದೇ ಹತ್ಯಾರಲೆ ಮಾಡ್ಬೇಕು, ಕಟಗೀನೂ ಆ ಮನೀದೇ ಆಗ್ಬೇಕು.

ಮನಿ ತೊಲಿ ಸಾಗವಾನಿ. ಎರಡ ತುಂಡು ಕಾಕಾನ ಕಡಿಂದ ಕೇಳಿ ತಂದು ಗಂಜ್ ಕಡಿ ಒಂದು ಕಟಗಿ ಅಡ್ಡಾಕ್ಕ ಹೋದೆ. ಸಾ ಮಿಲ್‌ನವ್ರು ಮೊದಲ ಕೇಳಿದ್ದೇ "ಮೊಳಿ ಅವೇನ್ರಿ ಒಳಗ?" ಅಂತ. ಹಳಿ ತೊಲ್ಯಾಗ ಮುರದ ಮೊಳಿ ಮ್ಯಾಲ ಕಾಣಂಗಿಲ್ಲ, ಅವ್ರ ಬ್ಲೇಡಿಗಿ ಒಂದ ಸಿಕ್ರ ಮುಗೀತು. ಹಳಿ ಸ್ಪೀಕರ್ ಒಡದು ಅದರ ಮ್ಯಾಗ್ನೆಟ್ ತಗದು ದಾರಕ್ಕ ಕಟ್ಟಿ ತೊಲಿ ಮ್ಯಾಲ ನಿಧಾನ ಆಡಿಸಿದೆ, ಎಲ್ಲಿ ಜಗ್ತದೋ ಅಲ್ಲಿ ಸೀಮಿಸುಣ್ಣಲೆ ಗುಂಡಗ ಬರದೆ. ಹನ್ನೊಂದು ಮೊಳಿ ತಗದೆ. ಮ್ಯಾಲ ಕಪ್ಪಗ ಮಸಿ ಹಿಡಿದಿದ್ದ ತೊಲಿ ಸೀಳಿದ ಕೂಡ್ಲೇ ಒಳಗ ಬಂಗಾರದ ಬಣ್ಣ, ಆ ಸಾಗವಾನಿ ವಾಸನಿ ಮಿಲ್ ತುಂಬ. ಹಲಗಿ ಸೀಳೋದು ಅಷ್ಟೇ ಮಷೀನ್‌ನಾಗ, ಉಳದದ್ದೆಲ್ಲಾ ಕೈಲೆ. ಪೆಟಿಗಿ ಅಳತಿ ಗರಗಸ ನೋಡಿ ತಗೊಂಡೆ, ಅದೇ ಎಲ್ಲಕ್ಕಿಂತ ಉದ್ದ. 30 ಇಂಚ್ ಉದ್ದ, 14 ಅಗಲ, 13 ಎತ್ತರ, ಹಲಗಿ ದಪ್ಪ ಆರು ಸೂತ ಅಂದ್ರ ಮುಕ್ಕಾಲ ಇಂಚ್. ನಮ್ಮ ಕಡಿ ಬಡಿಗ್ಯಾರು ಇವತ್ತಿಗೂ ಸೂತದಾಗೇ ಮಾತಾಡ್ತಾರ, ಇಂಚಿಗಿ ಎಂಟು ಸೂತ.

ನಮ್ಮ ಓಣ್ಯಾಗ ಒಬ್ರು ಬಡಿಗ್ಯಾರ ಕಾಕಾ ಅದಾರ, ಈಗ ಕೆಲಸ ಬಿಟ್ಟಾರ. ಅವರಿಗಿ ಹೇಳ್ದೆ. "ಯಾಕೋ ತಮ್ಮಾ, ಪ್ಲೈವುಡ್ ತಂದು ಮೊಳಿ ಹೊಡದ್ರ ಒಂದ ದಿನದ ಕೆಲಸ ಅದ" ಅಂದ್ರು. "ಇಲ್ರೀ ಕಾಕಾ, ಮೂಲ್ಯಾಗ ಮೊಳಿ ಬ್ಯಾಡ, ಹಲ್ಲ ಕೂಡಿಸೇ ಮಾಡ್ತೀನಿ" ಅಂದೆ. ಅವ್ರು ಸ್ವಲ್ಪ ಹೊತ್ತು ನನ್ನ ಕೈ ನೋಡಿ, "ಮೊದಲ ಉಳಿ ಮಸಿ, ತಿಂಗಳ ಬಿಟ್ಟು ಕಟಗಿ ಮುಟ್ಟು" ಅಂದ್ರು.

ತಿಂಗಳ ಅಲ್ಲ, ಹದಿನೈದು ದಿನ ಹಿಡೀತು. ಸಾಣಿಕಲ್ಲು ನಡುವ ತಗ್ಗ ಬಿದ್ದಿತ್ತು, ಅದರ ಮ್ಯಾಲ ಮಸದ್ರ ಉಳಿ ಬಾಯಿ ಸೊಟ್ಟ ಆಗ್ತದ. ನಮ್ಮ ಜಿಲ್ಲಾದಾಗ ಸಪಾಟ ಕಲ್ಲಿಗೇನ್ ಬರ ಅದ? ಪಾಲಿಶ್ ಮಾಡಿದ ಶಹಾಬಾದ್ ಪರಸಿ ಒಂದು ತುಂಡು ತಂದೆ, ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಬೆಳಕಿಗಿ ಹಿಡದು ನೋಡಿ ಕೆಳಗ ಬೆಳಕ ಬರದಂಥ ತುಂಡೇ ಆರಿಸಿದೆ. ಅದರ ಮ್ಯಾಲ ಎಮರಿ ಕಾಗದ ನೀರ ಹಚ್ಚಿ ಅಂಟಿಸಿ, 400 ನಂಬರಿನಿಂದ ಸುರು ಮಾಡಿ 1000, ಆಮ್ಯಾಲ 2000. ಉಳಿ ಓರಿ, ಅಂದ್ರ ಬಾಯಿ ಇಳಿಜಾರ, 25 ಡಿಗ್ರಿ, ತುದಿ ಒಂಚೂರು ಎತ್ತಿ 30. ಬೆನ್ನ ಕಡಿ ಕೈಬಟ್ಟ ಎಳದ್ರ ಸಣ್ಣ ಮುಳ್ಳಿನಂಗ ಹತ್ತತದಲ್ಲ, ಅದು ಬಾಯಿ ಉದ್ದಕ್ಕೂ ಬರೋತನಕಾ ಬಿಡಬಾರದು. ಸಾಗವಾನ್ಯಾಗ ಸಿಲಿಕಾ ಇರ್ತದ, ಸಣ್ಣ ಮರಳಿದ್ದಂಗ, ಅದಕ್ಕ ಅರ್ಧ ತಾಸಿಗೊಮ್ಮೆ ಮತ್ತ ಪರಸಿ ಕಡಿ ಹೋಗ್ಲೇಬೇಕು. ಮೊದಲ ಬ್ಯಾಸರ ಅನಸ್ತಿತ್ತು, ಈಗ ಆ ಸರ್ ಸರ್ ಸಪ್ಪಳಾನ ಕೆಲಸದಾಗಿನ ವಿಶ್ರಾಂತಿ.

ರಂದಾ ಹೊಡಿಯೋದು ಕಾಕಾನೇ ಕಲಿಸಿದ್ರು. ಹಲಗಿ ಎರಡೂ ತುದಿಗಿ ಎರಡ ನೆಟ್ಟನ ಪಟ್ಟಿ ಅಡ್ಡ ಇಟ್ಟು ಒಂದ ಕಣ್ಣ ಮುಚ್ಚಿ ನೋಡಿದ್ರ ಹಲಗಿ ಎಷ್ಟ ತಿರುವ್ಯದ ಅಂತ ತಿಳೀತದ, ಎತ್ತರಿರೋ ಮೂಲಿ ಮೊದಲ ಹೊಡೀಬೇಕು. ಕಟಗಿ ಎಳಿ ಮಲಗಿದ ದಿಕ್ಕಿಗೇ ಹೊಡೀಬೇಕು, ಎದುರ ಹೊಡದ್ರ ಕಿತ್ತ ಬರ್ತದ. ಇಷ್ಟೇ. ಹೇಳಾಕ ಎರಡ ಮಾತು, ಕೈಗಿ ಬರಾಕ ನಾಕು ಹಲಗಿ ಬೇಕಾದ್ವು.

ಇನ್ನ ಮೂಲಿ ಕೂಡಸೋದು. ಡವ್‌ಟೇಲ್ ಅಂತಾರಲ್ಲ, ಪಾರಿವಾಳದ ಬಾಲದಂಗ ತುದಿ ಅಗಲ ಇರೋ ಹಲ್ಲು, ಒಮ್ಮೆ ಕೂತ್ರ ಒಂದು ಕಡಿಗಿ ಜಗ್ಗಿದ್ರ ಬಿಚ್ಚಂಗೇ ಇಲ್ಲ. ಸಾಗವಾನಿಯಂಥ ಗಟ್ಟಿ ಕಟಗಿಗಿ ಎಂಟಕ್ಕ ಒಂದು ಓರಿ ಸಾಕು, ಮೆತ್ತನ ಕಟಗಿಗಿ ಆರಕ್ಕ ಒಂದು. ಪೆನ್ಸಿಲ್ ಗೆರಿ ದಪ್ಪ ಆಗ್ತದ, ಅದಕ್ಕ ಚಾಕು ತುದಿಲೆ ಗೆರಿ ಹಾಕ್ದೆ, ಆ ಗೆರಿ ಸಣ್ಣ ಕಾಲಿವಿ ಇದ್ದಂಗ, ಉಳಿ ಬಾಯಿ ತಾನಾಗೇ ಅದರಾಗ ಹೋಗಿ ಕೂಡ್ತದ. ಗರಗಸ ಗೆರಿ ಮ್ಯಾಲ ಅಲ್ಲ, ತಗದ ಒಗಿಯೋ ಕಟಗಿ ಕಡಿ, ಗೆರಿ ಅರ್ಧ ಉಳೀಬೇಕು. ಆಮ್ಯಾಲ ನಡುವಿನ ಕಟಗಿ ಉಳೀಲೆ ಅರ್ಧ ಈ ಕಡಿಂದ, ಹಲಗಿ ತಿರುವಿ ಅರ್ಧ ಆ ಕಡಿಂದ. ಒಂದೇ ಕಡಿಂದ ಹೊಡದ್ರ ಹಿಂದಿನ ಮುಖ ಸೀಳಿ ಬರ್ತದ, ಮೊದಲನೇ ಮೂಲ್ಯಾಗ ಹಂಗೇ ಆಯ್ತು, ಆ ಸೀಳು ಇವತ್ತಿಗೂ ಹಿಂದಿನ ಎಡ ಮೂಲ್ಯಾಗ ಅದ. ಒಂದು ಹಲಗಿ ಹಲ್ಲು ಕೊರದ ಮ್ಯಾಲ ಅದನ್ನೇ ಇನ್ನೊಂದರ ತುದಿ ಮ್ಯಾಲ ಇಟ್ಟು ಚಾಕುಲೆ ಗುರ್ತ ಮಾಡ್ಕೋಬೇಕು, ಪಟ್ಟಿ ಹಿಡದು ಬ್ಯಾರೆ ಅಳೀಬಾರದು. ನಾಕು ಮೂಲಿಗಿ ಒಂದೊಂದಕ್ಕ ಐದು ಹಲ್ಲು, ರವಿವಾರ ಒಂದ ಮೂಲಿ. ಮೂರನೇದು ಕೊಡತೀಲೆ ತಟ್ಟಿದಾಗ ಸಪ್ಪಳ ಬದಲಾಯ್ತು, ಟೊಳ್ಳ ಸಪ್ಪಳ ಹೋಗಿ ಒಂದು ಗಟ್ಟಿ 'ಟಕ್' ಬಂತು. ಕಾಕಾ ಕೆಳಗ ಓಣ್ಯಾಗ ನಿಂತಿದ್ರು, ಅಲ್ಲಿಂದಾನ "ಈಗ ಕೂತದ ನೋಡು" ಅಂದ್ರು. ನೋಡಲಾರದ ಬರೇ ಕೇಳಿ ಹೇಳಿದ್ರು.

ಅದೇ ಟೈಮಿಗಿ ಒಂದು ಮದವಿಗಿ ಬೀದರಕ್ಕ ಹೋಗಿದ್ದೆ, ಕ್ವಾಟಿ ಒಳಗಿನ ರಂಗೀನ್ ಮಹಲ್ ನೋಡ್ದೆ. ಕರಿ ಕಲ್ಲಿನಾಗ ಮುತ್ತಿನ ಚಿಪ್ಪ ಕೂಡಿಸಿದ್ದು ಎಲ್ಲಾರೂ ಫೋಟೊ ಹೊಡೀತಾರ, ನಾ ಮಾತ್ರ ಕಟಗಿ ಕಂಬದ ಮುಂದೇ ನಿಂತಿದ್ದೆ. ಬೀದರ ಸುಲ್ತಾನ ಅಲಿ ಬರೀದ್ ಶಾ ಆಳಿದ್ದು 1542ರಿಂದ 1580ರ ತನಕಾ, ಆ ಕಾಲದ ಕೆತ್ತನಿ. ಒಂದೊಂದು ಎಲಿ ತುದಿ ನೋಡಿದ್ರ ಉಳಿ ಎಲ್ಲಿ ತಿರುಗಿರಬೇಕು ಅಂತ ಕೈಗಿ ಗೊತ್ತಾಗ್ಲಾಕತ್ತಿತ್ತು, ಮೊದಲ ಎರಡ ಸಲ ಹೋದಾಗ ಇದು ಕಂಡಿರಲಿಲ್ಲ.

ಅಂಟಿಗಿ ಫೆವಿಕಾಲ್. ನಮ್ಮ ಬಿಸಿಲಿಗಿ ಹಚ್ಚಿದ ಎರಡ್ಮೂರು ನಿಮಿಷಕ್ಕ ಕೆನಿ ಕಟ್ಟತದ, ಇಪ್ಪತ್ತು ಹಲ್ಲಿಗಿ ಹಚ್ಚಿ ಮುಗಸೋದ್ರಾಗ ಮೊದಲನೇದು ಒಣಗಿರ್ತದ. ಅದಕ್ಕ ಮುಂಜಾನಿ ಐದೂವರೆಕ್ಕ ಎದ್ದು, ಮಗಳ ಕೈಯಾಗ ಒಂದು ಬ್ರಶ್ ನನ್ನ ಕೈಯಾಗ ಒಂದು. ಸಾಗವಾನ್ಯಾಗ ಎಣ್ಣಿ ಅಂಶ ಇರ್ತದ, ಹಚ್ಚೋಕಿಂತ ಮೊದಲ ಥಿನ್ನರ್‌ಲೆ ಒರಸಬೇಕು, ಇಲ್ಲಂದ್ರ ಹಿಡಿಯಂಗಿಲ್ಲ. ತಳದ ಹಲಗಿ ಮಾತ್ರ ಕಾಕಾ ಅಂಟಿಸಾಕ ಬಿಡ್ಲಿಲ್ಲ. "ಸಂದ್ಯಾಗ ಸುಮ್ನ ಕೂಡಸು, ಅವು ಅಲ್ಲೇ ಇರ್ತಾವ" ಅಂದ್ರು. ಯಾಕ ಅಂತ ನಾ ಕೇಳ್ಲಿಲ್ಲ, ಕೇಳಬೇಕಿತ್ತು.

ಯಾಕಂದ್ರ ಮುಚ್ಚಳದಾಗ ನಾ ತಪ್ಪ ಮಾಡ್ದೆ. ದಸರಾದ ಖಂಡೇ ಪೂಜಿಗಿ ಮುಗೀಬೇಕು, ಪೆಟಿಗ್ಯಾಗ ಹತ್ಯಾರ ಇಟ್ಟು ಪೂಜಿ ಮಾಡ್ಬೇಕು ಅಂತ ಅವಸರ. ಕಾಕಾ ಮಗನ ಮನಿಗಿ ಪುಣೆಕ್ಕ ಹೋಗಿದ್ರು. ಎರಡ ಹಲಗಿ ಅಂಟಿಸಿ 14 ಇಂಚ್ ಅಗಲ ಮಾಡಿ, ಕೆಳಗ ಎರಡ ಅಡ್ಡಪಟ್ಟಿ ಫೆವಿಕಾಲ್ ಹಚ್ಚಿ, ಮ್ಯಾಲ ಸ್ಕ್ರೂ ಬಿಗದು ಬಂದೋಬಸ್ತ್ ಮಾಡ್ದೆ. ಬಿಜಾಗರಿ ಹಿತ್ತಾಳಿದು. ಪೆಟಿಗಿ ತುಂಬ ಅಗಸಿ ಎಣ್ಣಿ ಎರಡ ಕೈ ಹಚ್ಚಿದೆ. ಇದೊಂದು ಮಾತು ಲಕ್ಷ್ಯ ಇಟ್ಟು ಓದ್ರಿ, ಅಗಸಿ ಎಣ್ಣಿ ಒರಸಿದ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಒಗದ್ರ ಅದು ಒಣಗೋವಾಗ ಒಳಗ ತಾನೇ ಬಿಸಿ ಆಗಿ ಬೆಂಕಿ ಹತ್ತತದ, ಯಾರೂ ಕಡ್ಡಿ ಗೀರಬೇಕಂತಿಲ್ಲ. ಬಿಡಿಸಿ ಹಗ್ಗದ ಮ್ಯಾಲ ಹರವ್ರಿ, ಇಲ್ಲಾ ನೀರಾಗ ಅದ್ದಿಡ್ರಿ.

ಪೂಜಿ ಚಲೋ ಆಯ್ತು. ಅಪ್ಪ ರಂದಾ ತಗೊಂಡು ಭಾಳ ಹೊತ್ತು ಕೈಯಾಗ ಹಿಡದ್ಕೊಂಡು ಕೂತಿದ್ದ.

ಏಪ್ರಿಲ್‌ನಾಗ ಒಂದಿನ ಮಧ್ಯಾಹ್ನ ಮ್ಯಾಲಿನ ತಗಡಿನ ಖೋಲ್ಯಾಗ ಪಟಾಕಿ ಹಾರಿದಂಗ ಒಂದು ಸಪ್ಪಳ. ಹೋಗಿ ನೋಡಿದ್ರ ಮುಚ್ಚಳ ಉದ್ದಕ್ಕೂ ಸೀಳ್ಯದ, ಎಂಟಾಣಿ ನಾಣ್ಯ ಒಳಗ ಹೋಗೋವಷ್ಟು. ಅಂಟಿಸಿದ ಜಾಗಾ ಅಲ್ಲ, ಅದರ ಬಾಜುಕ, ಚಲೋ ಕಟಗ್ಯಾಗೇ. ಊಟ ಸೇರ್ಲಿಲ್ಲ ಅವತ್ತು. ಆ ಹಲಗಿ ಮತ್ತೆಲ್ಲಿಂದ ತರ್ಲಿ, ಆ ಮನಿ ಒಂದೇ ಇತ್ತು.

ಮುಂದಿನ ವಾರ ಊರಿಗಿ ಹೋದೆ. ಹಳಿ ಮನಿ ತಲಬಾಗಲ ನಮ್ಮ ಸ್ವಂತ ಕಾಕಾನ ಹೊಸ ಮನಿ ಗ್ವಾಡಿಗಿ ಒರಗಿಸಿಟ್ಟಾರ, ಅದೂ ಮುತ್ಯಾ ಮಾಡಿದ್ದೇ. ಅದರ ಮುಂದ ಕೂತು ಸರಿಯಾಗಿ ನೋಡ್ದೆ. ಐದು ಹಲಗಿ ಬಾಜು ಬಾಜು, ಒಂದಕ್ಕೊಂದು ಅಂಟಿಸೇ ಇಲ್ಲ. ಪ್ರತಿ ಹಲಗಿಗಿ ಅಡ್ಡಪಟ್ಟಿ ಜೋಡಿ ತನ್ನದೇ ಮೊಳಿ, ನಟ್ಟ ನಡುವ. ಅವಾಗ ನೆನಪಾಯ್ತು, ಸಣ್ಣವ ಇದ್ದಾಗ ಬ್ಯಾಸಗಿ ಸೂಟಿಗಿ ಹೋದ್ರ ಮಧ್ಯಾಹ್ನ ಆ ಬಾಗಲ ಸಂದಿಲೆ ಬಿಸಿಲಿನ ನಾಕು ಗೆರಿ ಮನಿ ಒಳಗ ನೆಲದ ಮ್ಯಾಲ ಬೀಳ್ತಿದ್ವು, ನಾವು ಅದರ ಮ್ಯಾಲ ಕಾಲಿಟ್ಟು ಆಡತಿದ್ದಿವಿ. ನಾಗರಪಂಚಮಿಗಿ ಹೋದ್ರ ಆ ಗೆರಿ ಇರ್ತಿರಲಿಲ್ಲ. ಮ್ವಾಡ ಅಂತ ತಿಳದಿದ್ದೆ ನಾ. ಮ್ವಾಡ ಅಲ್ಲ, ಮಳಿಗಾಲಕ್ಕ ಹಲಗಿ ಉಬ್ಬಿ ಸಂದಿ ಮುಚ್ಚತಿದ್ವು.

ಕಟಗಿ ಉದ್ದಕ್ಕ ಹೆಚ್ಚು ಕಡಿಮಿ ಆಗಂಗಿಲ್ಲ, ಅಗಲಕ್ಕ ಆಗ್ತದ. ಸಾಗವಾನಿ ಉಳಿದ ಕಟಗಿಕಿಂತ ಕಡಿಮಿ, ಆದ್ರೂ ನಮ್ಮ ಕಡಿ ಮಳಿಗಾಲದ ಹಸಿ ಗಾಳಿಂದ ಏಪ್ರಿಲ್ ಮೇ 42 ಡಿಗ್ರಿ ಒಣ ಬಿಸಿಲಿಗಿ ಬಂದ್ರ 14 ಇಂಚಿಗಿ ಒಂದು ಸೂತ ಕುಗ್ಗೋದು ದೊಡ್ಡ ಮಾತಲ್ಲ. ನಾ ಮಳಿಗಾಲದಾಗ ಉಬ್ಬಿದ ಹಲಗಿ ಅಡ್ಡಪಟ್ಟಿಗಿ ಅಂಟಿಸಿ ಬಿಗದಿದ್ದೆ. ಪಟ್ಟಿ ಎಳಿ ಅಡ್ಡ ಇರ್ತದ, ಅದು ಕುಗ್ಗಂಗಿಲ್ಲ, ಹಲಗಿನ್ನ ಬಿಡಂಗೂ ಇಲ್ಲ. ಹಲಗಿಗಿ ಸೀಳೋದು ಬಿಟ್ಟು ಬ್ಯಾರೆ ದಾರಿನೇ ಇರ್ಲಿಲ್ಲ. ಮೂಲಿ ಹಲ್ಲಿಗಿ ಏನೂ ಆಗಿಲ್ಲ, ಯಾಕಂದ್ರ ನಾಕೂ ಹಲಗಿ ಎಳಿ ಒಂದೇ ಕಡಿ ಸುತ್ತತದ, ಎಲ್ಲಾ ಜೋಡಿಲೇ ಕುಗ್ತಾವ. ತಳಕ್ಕೂ ಆಗಿಲ್ಲ, ಕಾಕಾ ಅಂಟಿಸಾಕ ಬಿಟ್ಟಿರ್ಲಿಲ್ಲ.

ಮುಚ್ಚಳ ಒಗೀಲಿಲ್ಲ. ಪಟ್ಟಿ ಉಳೀಲೆ ಕೆತ್ತಿ ತಗದೆ, ಎರಡ ರವಿವಾರ ಹೋದ್ವು. ಸೀಳಿನ ಗುಂಟ ಗರಗಸ ಹಾಕಿ ನೆಟ್ಟಗ ಮಾಡಿ, ರಂದಾ ಹೊಡದು ಮತ್ತ ಅಂಟಿಸಿದೆ, ಎರಡ ಸೂತ ಅಗಲ ಕಡಿಮಿ ಆಯ್ತು, ಮುಂದಿನ ಅಂಚಿಗಿ ಬೇವಿನ ಕಟಗಿ ಪಟ್ಟಿ ಕೂಡಿಸಿ ತುಂಬಿದೆ. ಹೊಸ ಅಡ್ಡಪಟ್ಟಿಗಿ ಅಂಟೇ ಹಚ್ಚಿಲ್ಲ. ನಡುವಿನ ಸ್ಕ್ರೂ ಒಂದ ಗಟ್ಟಿ, ಎರಡೂ ತುದಿ ಸ್ಕ್ರೂಗಳಿಗಿ ಪಟ್ಟ್ಯಾಗ ಉದ್ದನ ತೂತು ಕೊರದು ವಾಷರ್ ಹಾಕಿ ಹಗೂರಕ ಬಿಗದೀನಿ. ಪುಣೆದಿಂದ ಬಂದ ಬಡಿಗ್ಯಾರ ಕಾಕಾಗ ತೋರಿಸಿದೆ. ಆ ಉದ್ದನ ತೂತಿನ ಮ್ಯಾಲ ಕೈಬಟ್ಟ ಆಡಿಸಿ, "ಮುತ್ಯಾನ ಬಾಗಲಾ ಹಿಂಗೇ ಇತ್ತೇನು?" ಅಂತ ಕೇಳಿದ್ರು. "ಮೊಳಿಲೆ ಮಾಡಿದ್ದ ರೀ" ಅಂದೆ.

ಮೇ ತಿಂಗಳಾಗ ಮುಚ್ಚಳದ ಒಳಗ, ತುದಿ ಸ್ಕ್ರೂ ಎಲ್ಲಿ ನಿಂತದ ಅಂತ ಪೆನ್ಸಿಲ್‌ಲೆ ಒಂದು ಸಣ್ಣ ಗೆರಿ ಎಳದಿದ್ದೆ. ಮೊನ್ನಿ ನಾಕು ದಿನ ಬಿಡದ ಮಳಿ ಹಿಡದಿತ್ತು, ಇವತ್ತ ಮುಂಜಾನಿ ಮುಚ್ಚಳ ತಗದು ನೋಡ್ದೆ. ಸ್ಕ್ರೂ ಗೆರಿ ಬಿಟ್ಟು ಹೊರಗಿನ ಕಡಿ ಸರಿದದ, ಅರ್ಧ ಸೂತಕ್ಕ ಸ್ವಲ್ಪ ಕಡಿಮಿ. ಬಾಜುಕ ಇನ್ನೊಂದು ಗೆರಿ ಎಳದು ತಾರೀಖ ಬರದಿಟ್ಟೀನಿ.