ಸ್ಟಾರ್‌ಡ್ಯೂ ವ್ಯಾಲಿಯ ಮೊದಲ ವಸಂತ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ವೀಡಿಯೊ ಆಟವನ್ನು ಹೊಸದಾಗಿ ಹಾಕಿಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: “ಅಜ್ಜ ಬಿಟ್ಟುಹೋದ ಹೊಲಕ್ಕೆ ಬಂದದ್ದಾಯಿತು, ಗುದ್ದಲಿ, ಕೊಡಲಿಗಳೂ ಕೈಗೆ ಬಂದವು, ಊರಿನವರ ಪರಿಚಯವೂ ಆಗುತ್ತಿದೆ, ಆದರೆ ಇಲ್ಲಿ ನಾನು ಮಾಡಬೇಕಾದದ್ದು ಏನು?” ಕೇಳುವವರಲ್ಲಿ ಕಾಲೇಜು ಹುಡುಗರೂ ಇದ್ದಾರೆ, ಮಕ್ಕಳ ಜೊತೆ ಕೂತು ಆಡಲು ಹೊರಟ ತಾಯಂದಿರೂ ಇದ್ದಾರೆ. ಶತ್ರುವನ್ನು ಕೊಂದು ಮುಂದಿನ ಹಂತಕ್ಕೆ ಹೋಗುವ ಆಟಗಳನ್ನು ಆಡಿ ರೂಢಿಯಾದವರಿಗೆ, ಯಾರೂ ಏನನ್ನೂ ಆಜ್ಞಾಪಿಸದ ಈ ಆಟ ಮೊದಲು ಗಲಿಬಿಲಿ ಹುಟ್ಟಿಸುವುದು ಸಹಜ. ಎರಿಕ್ ಬರೋನ್ ಎಂಬ ಒಬ್ಬರೇ ವ್ಯಕ್ತಿ ಚಿತ್ರ, ಸಂಗೀತ, ಕಥೆ, ಪ್ರೋಗ್ರಾಮಿಂಗ್ ಎಲ್ಲವನ್ನೂ ತಾವೇ ಮಾಡಿ 2016ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ಈ ಆಟ, ಜಪಾನಿನ ಹಾರ್ವೆಸ್ಟ್ ಮೂನ್ ಎಂಬ ಬೇಸಾಯದ ಆಟಗಳ ಸರಣಿಯ ಜಾಡಿನಲ್ಲಿ ಹುಟ್ಟಿದ್ದು. ಗೆಲುವು ಎಂಬುದನ್ನು ಅದು ಆಡುವವರಿಗೇ ಬಿಟ್ಟಿದೆ.

ನನ್ನ ಉತ್ತರ ಇಷ್ಟೇ: ಮೊದಲ 28 ದಿನಗಳ ವಸಂತವನ್ನು ಮಾತ್ರ ಯೋಚಿಸಿ, ಆ ಅವಧಿಯಲ್ಲಿ ನಿಜವಾಗಿ ಕೊರತೆ ಇರುವುದು ಯಾವುದಕ್ಕೆ ಎಂಬುದನ್ನು ಗುರುತಿಸಿಕೊಳ್ಳಿ. ಹೊಸಬರು ಹಣದ ಕೊರತೆ ಎಂದುಕೊಳ್ಳುತ್ತಾರೆ, ಇಲ್ಲವೇ ಸಮಯದ ಕೊರತೆ ಎಂದುಕೊಂಡು ಓಡಾಡುತ್ತಾರೆ. ಅಲ್ಲಿ ಕೊರತೆ ಇರುವುದು ದೇಹಶಕ್ತಿಗೆ.

ಮೊದಲು ಸಮಯದ ಭಯವನ್ನು ಕಳೆಯಬೇಕು. ಆಟದ ಒಂದು ವರ್ಷದಲ್ಲಿ ವಸಂತ, ಬೇಸಿಗೆ, ಶರತ್, ಚಳಿಗಾಲ ಎಂಬ ನಾಲ್ಕು ಋತುಗಳಿದ್ದು, ಒಂದೊಂದಕ್ಕೂ 28 ದಿನ. ಮೂರನೆಯ ವರ್ಷದ ಆರಂಭದಲ್ಲಿ ಅಜ್ಜ ಬಂದು ನಿಮ್ಮ ಕೆಲಸವನ್ನು ತೂಗಿ ನೋಡುತ್ತಾರೆ ಎಂಬುದನ್ನು ಎಲ್ಲೋ ಓದಿಕೊಂಡವರು ಅದನ್ನು ಪರೀಕ್ಷೆಯ ದಿನವೆಂಬಂತೆ ಎದುರು ನೋಡುತ್ತಾರೆ. ಆದರೆ ಆ ಮೌಲ್ಯಮಾಪನ ತೃಪ್ತಿ ತರದಿದ್ದರೆ, ಅಜ್ಜನ ಗುಡಿಯಲ್ಲಿ ಒಂದು ವಜ್ರವನ್ನಿಟ್ಟು ಮತ್ತೊಮ್ಮೆ ಮಾಡಿಸಿಕೊಳ್ಳಬಹುದು. ಮೊದಲ ಎರಡು ವರ್ಷವೆಂದರೆ 224 ದಿನ, ಆಟದ ಒಂದು ದಿನಕ್ಕೆ ಸುಮಾರು 14 ನಿಮಿಷ ಹಿಡಿಯುವುದರಿಂದ ಅದು ಐವತ್ತು ಗಂಟೆಗೂ ಮೀರಿದ ಆಟ. ಒಬ್ಬರೇ ಆಡುವಾಗ ಮೆನು ತೆರೆದರೆ ಗಡಿಯಾರ ನಿಲ್ಲುವುದೂ ಉಂಟು. ಈ ವಸಂತದಲ್ಲಿ ತಪ್ಪಿಹೋದ ಮೀನು, ಹೂವು, ಹಬ್ಬ ಎಲ್ಲವೂ ಮುಂದಿನ ವಸಂತಕ್ಕೆ ಮತ್ತೆ ಬರುತ್ತವೆ.

ಆಟದೊಳಗೆ ಕಾಲಿಟ್ಟ ಮೇಲೆ ಹಿಂದಿರುಗಿ ಬರಲಾಗದ ತೀರ್ಮಾನ ಆರಂಭದಲ್ಲಿ ಒಂದೇ ಒಂದು ಎದುರಾಗುತ್ತದೆ. ಊರಿನ ನದಿಯಾಚೆಗಿರುವ ಜೋಜಾ ಮಾರ್ಟ್ ಎಂಬ ದೊಡ್ಡ ಅಂಗಡಿಯಲ್ಲಿ 5000 ನಾಣ್ಯ ಕೊಟ್ಟು ಸದಸ್ಯರಾದರೆ, ಪಾಳುಬಿದ್ದ ಸಮುದಾಯ ಭವನವನ್ನು ಬೆಳೆ, ಮೀನು, ಖನಿಜಗಳನ್ನು ಒಪ್ಪಿಸುತ್ತ ಜೀರ್ಣೋದ್ಧಾರ ಮಾಡುವ ದಾರಿ ಮುಚ್ಚಿಹೋಗುತ್ತದೆ. ಆ ಮೇಲೆ ಅದೇ ಸೌಲಭ್ಯಗಳನ್ನು ಹಣ ಕೊಟ್ಟು ಪಡೆಯಬಹುದು, ಅದರಲ್ಲಿ ತಪ್ಪೇನೂ ಇಲ್ಲ; ಆದರೆ ಮೊದಲ ಬಾರಿ ಆಡುವವರಿಗೆ ಆಟವನ್ನು ಕಲಿಸುವುದೇ ಸಮುದಾಯ ಭವನವಾದ್ದರಿಂದ ಸದಸ್ಯತ್ವದ ತಂಟೆಗೆ ಹೋಗದಿರುವುದು ಒಳ್ಳೆಯದು. ಆಟ ಶುರು ಮಾಡುವ ಮುನ್ನ ಹೊಲದ ನಕ್ಷೆಯನ್ನು ಆರಿಸುವಾಗಲೂ ಮೊದಲನೆಯದಾದ ಸಾಧಾರಣ ನಕ್ಷೆಯನ್ನೇ ಆರಿಸಿ, ಏಕೆಂದರೆ ಉಳುಮೆಗೆ ಅತಿ ಹೆಚ್ಚು ಜಾಗ ಇರುವುದು ಅದರಲ್ಲಿ. ಕಡಲತೀರದ ನಕ್ಷೆ ನೋಡಲು ಸೊಗಸಾಗಿದ್ದರೂ ಅದರ ಮರಳಿನ ಮೇಲೆ ಸ್ಪ್ರಿಂಕ್ಲರ್ ಕೆಲಸ ಮಾಡುವುದಿಲ್ಲ.

ಇನ್ನು ಶಕ್ತಿಯ ಲೆಕ್ಕ. ಪರದೆಯ ಕೆಳಗೆ ಬಲಮೂಲೆಯಲ್ಲಿ ಕಾಣುವ ಉದ್ದನೆಯ ಹಸಿರು ಪಟ್ಟಿ ನಿಮ್ಮ ಶಕ್ತಿ, ಆರಂಭದಲ್ಲಿ ಅದು 270. ಗುದ್ದಲಿಯ ಒಂದು ಏಟಿಗೆ 2, ಒಂದು ಗಿಡಕ್ಕೆ ನೀರುಣಿಸಲು 2, ಕೊಡಲಿ, ಪಿಕಾಸಿಗಳ ಏಟಿಗೂ 2, ಗಾಳ ಒಮ್ಮೆ ಎಸೆದರೆ 8. ದೊಡ್ಡ ಮರವೊಂದನ್ನು ಬುಡಸಮೇತ ತೆಗೆಯಲು ಹದಿನೈದು ಏಟು ಬೇಕು, ಅಂದರೆ 30. ಮೊದಲ ದಿನವೇ ಹೊಲವನ್ನೆಲ್ಲ ಸ್ವಚ್ಛ ಮಾಡಿಬಿಡುತ್ತೇನೆಂದು ಹೊರಟವರು ಒಂಬತ್ತು ಮರ ಬೀಳಿಸುವಷ್ಟರಲ್ಲಿ ಬಸವಳಿದಿರುತ್ತಾರೆ. ಪಟ್ಟಿ ಸೊನ್ನೆಗೆ ಇಳಿದರೆ ನಡಿಗೆಯೇ ನಿಧಾನವಾಗುವುದಲ್ಲದೆ ಮರುದಿನ ಅರ್ಧ ಶಕ್ತಿಯೊಂದಿಗೆ ಏಳಬೇಕಾಗುತ್ತದೆ. ಕುಡುಗೋಲಿಗೆ ಮಾತ್ರ ಶಕ್ತಿ ಖರ್ಚಾಗುವುದಿಲ್ಲ, ಹಾಗಾಗಿ ಹುಲ್ಲು, ಕಳೆಗಳನ್ನು ಅದರಿಂದಲೇ ಕೊಯ್ಯಿರಿ. ಕಲ್ಲು, ಮರಗಳು ಹೊಲದ ಉಳಿದ ಭಾಗದಲ್ಲಿ ಇದ್ದಲ್ಲೇ ಇರಲಿ, ಬಿತ್ತನೆಗೆ ಬೇಕಾದಷ್ಟು ಜಾಗ ಮಾಡಿಕೊಂಡರೆ ಸಾಕು.

ಈ ಲೆಕ್ಕದಿಂದ ಹೊರಡುವ ನಿಯಮವೆಂದರೆ, ಎಷ್ಟು ಗಿಡ ನೆಡಬಹುದೆಂಬುದನ್ನು ಕೈಯಲ್ಲಿರುವ ಹಣ ನೋಡಿ ನಿರ್ಧರಿಸದೆ, ನಾಳೆ ಬೆಳಿಗ್ಗೆ ಎಷ್ಟು ಗಿಡಕ್ಕೆ ನೀರು ಹಾಕಬಲ್ಲಿರೆಂಬುದನ್ನು ನೋಡಿ ನಿರ್ಧರಿಸಬೇಕು. ನಲವತ್ತು ಗಿಡಕ್ಕೆ ನೀರುಣಿಸಲು 80 ಶಕ್ತಿ ಹೋಗುತ್ತದೆ, ಒಂದು ಕ್ಯಾನಿನ ನೀರೂ ಅಲ್ಲಿಗೆ ಮುಗಿಯುತ್ತದೆ; ಮೊದಲ ವಾರಗಳಲ್ಲಿ ಅದಕ್ಕಿಂತ ಹೆಚ್ಚು ಬೇಡ. ಶಕ್ತಿಯನ್ನು ಮರಳಿ ಪಡೆಯಲು ತಿನ್ನುವುದೇ ದಾರಿ. ದಕ್ಷಿಣದ ಕಾಡಿನ ಮೂಲೆಯಲ್ಲಿ ವಸಂತದುದ್ದಕ್ಕೂ ಕಾಡು ಈರುಳ್ಳಿ ಸಿಗುತ್ತದೆ, 15ರಿಂದ 18ನೆಯ ತಾರೀಖಿನವರೆಗೆ ಪೊದೆಗಳಲ್ಲಿ ಸಾಮನ್‌ಬೆರಿ ಹಣ್ಣುಗಳು ತುಂಬಿಕೊಳ್ಳುತ್ತವೆ. ಆ ನಾಲ್ಕು ದಿನ ಪೊದೆ ಕಂಡಲ್ಲೆಲ್ಲ ಅಲುಗಾಡಿಸಿ, ಸಿಕ್ಕ ಹಣ್ಣನ್ನು ಮಾರದೆ ಪೆಟ್ಟಿಗೆಯಲ್ಲಿ ಕೂಡಿಡಿ. ಒಂದು ಹಣ್ಣಿಗೆ 25ರಂತೆ ಶಕ್ತಿ ಸಿಗುವುದರಿಂದ ಗಣಿಗೆ ಇಳಿಯುವಾಗ ಅದಕ್ಕಿಂತ ಅಗ್ಗದ ಬುತ್ತಿ ಬೇರೊಂದಿಲ್ಲ. ಅಂದಹಾಗೆ, ಪೆಟ್ಟಿಗೆ ಮಾಡಲು 50 ಕಟ್ಟಿಗೆ ಸಾಕು, ಮತ್ತು ಆರಂಭದ ಚೀಲದಲ್ಲಿ ಹನ್ನೆರಡೇ ಗೂಡುಗಳಿರುವುದರಿಂದ ಅದು ಮೊದಲ ವಾರದಲ್ಲೇ ಬೇಕಾಗುತ್ತದೆ.

ದಿನವು ಬೆಳಿಗ್ಗೆ ಆರಕ್ಕೆ ಶುರುವಾಗಿ ರಾತ್ರಿ ಎರಡಕ್ಕೆ ಮುಗಿಯುತ್ತದೆ. ಎರಡರೊಳಗೆ ಹಾಸಿಗೆ ಸೇರದೆ ಮನೆಯಾಚೆ ಇದ್ದರೆ ಕುಸಿದು ಬೀಳುತ್ತೀರಿ, ಹಣದಲ್ಲಿ ಹತ್ತನೇ ಒಂದು ಪಾಲಿನವರೆಗೆ, ಹೆಚ್ಚೆಂದರೆ 1000 ನಾಣ್ಯ, ಕಳೆದುಹೋಗಬಹುದು. ಮಧ್ಯರಾತ್ರಿ ದಾಟಿ ಮಲಗಿದರೂ ಮರುದಿನದ ಶಕ್ತಿ ಪೂರ್ತಿ ತುಂಬುವುದಿಲ್ಲ. ಕಂಪ್ಯೂಟರಿನಲ್ಲಿ ಆಡುವವರು ಮರೆಯಬಾರದ ಇನ್ನೊಂದು ಸಂಗತಿಯಿದೆ: ಆಟ ಸೇವ್ ಆಗುವುದು ಮಲಗಿದಾಗ ಮಾತ್ರ. ಮಧ್ಯಾಹ್ನದಲ್ಲಿ ಆಟ ಮುಚ್ಚಿದರೆ ಆ ದಿನ ನಡೆದೇ ಇಲ್ಲವೆಂದು ತಿಳಿಯಿರಿ.

ಬೆಳೆಯ ವಿಷಯಕ್ಕೆ ಬಂದರೆ, ನಿಮಗೆ ಸಿಗುವ ಬಂಡವಾಳ 500 ನಾಣ್ಯ ಮತ್ತು ಹದಿನೈದು ಪಾರ್ಸ್ನಿಪ್ ಬೀಜ. (ಪಾರ್ಸ್ನಿಪ್ ನಮ್ಮ ಕಡೆ ಅಷ್ಟಾಗಿ ಕಾಣದ, ಕ್ಯಾರೆಟ್ಟಿನ ಬಳಗದ ಬಿಳಿ ಗೆಡ್ಡೆ.) ಅದು ನಾಲ್ಕು ದಿನಕ್ಕೆ ಕೈಗೆ ಬರುತ್ತದೆ, ಬೀಜಕ್ಕೆ 20, ಮಾರಿದರೆ 35. ಆಲೂಗಡ್ಡೆಯ ಬೀಜಕ್ಕೆ 50, ಆರು ದಿನ, ಮಾರಾಟ 80, ಕೆಲವೊಮ್ಮೆ ಒಂದೇ ಗಿಡದಿಂದ ಒಂದಕ್ಕಿಂತ ಹೆಚ್ಚು ಗೆಡ್ಡೆ. ಹೂಕೋಸಿನ ಬೀಜಕ್ಕೆ 80, ಹನ್ನೆರಡು ದಿನ, ಮಾರಾಟ 175. ಆ ಹೆಚ್ಚುವರಿ ಗೆಡ್ಡೆಗಳನ್ನು ಲೆಕ್ಕಕ್ಕೆ ಹಿಡಿಯದೆ ಲಾಭವನ್ನು ದಿನಗಳಿಗೆ ಹಂಚಿದರೆ ಹೂಕೋಸೇ ಮೇಲು, ಹಾಗೆಂದು ಇದ್ದಬದ್ದ ಹಣವನ್ನೆಲ್ಲ ಅದಕ್ಕೆ ಸುರಿದರೆ ಆರು ಗಿಡ ನೆಟ್ಟು 13ನೆಯ ತಾರೀಖಿನವರೆಗೆ ಕೈಕಟ್ಟಿ ಕೂರಬೇಕಾಗುತ್ತದೆ. ಅದೇ ಹಣದ ಆಲೂಗಡ್ಡೆ ಏಳನೆಯ ದಿನ ಹಣವಾಗಿ ಮರಳಿ, ಮತ್ತೊಮ್ಮೆ ಬಿತ್ತಲು ಒದಗುತ್ತದೆ. ಹೂಕೋಸನ್ನು ಒಂದೆರಡು ಹಾಕಿ ಉಳಿದದ್ದಕ್ಕೆ ಆಲೂಗಡ್ಡೆ ಹಾಕುವುದು ನನ್ನ ಮೆಚ್ಚಿನ ಆರಂಭ. ಬೀಜ ಮಾರುವ ಪಿಯರ್‌ನ ಅಂಗಡಿ ಒಂಬತ್ತರಿಂದ ಐದರವರೆಗೆ ತೆರೆದಿದ್ದು ಬುಧವಾರ ಮುಚ್ಚಿರುತ್ತದೆ, ಮತ್ತು ಮನೆಯ ಪಕ್ಕದ ಮಾರಾಟದ ಪೆಟ್ಟಿಗೆಗೆ ಹಾಕಿದ ಸರಕಿನ ಹಣ ಮರುದಿನ ಬೆಳಿಗ್ಗೆಯಷ್ಟೇ ಸಿಗುತ್ತದೆ. ಈ ಎರಡನ್ನು ಮರೆತರೆ ಗದ್ದಲವಿಲ್ಲದೆ ಒಂದು ದಿನ ವ್ಯರ್ಥವಾಗುತ್ತದೆ.

ಋತು ಬದಲಾದ ರಾತ್ರಿ ಆ ಋತುವಿನ ಬೆಳೆಗಳೆಲ್ಲ ಒಣಗಿ ಸಾಯುವುದು ಕರ್ನಾಟಕದ ಆಟಗಾರರನ್ನು ಬೆಚ್ಚಿಬೀಳಿಸುವ ಸಂಗತಿ, ಏಕೆಂದರೆ ಮುಂಗಾರಿನ ಪೈರು ಹಿಂಗಾರಿನವರೆಗೂ ನಿಲ್ಲುವುದನ್ನು ಕಂಡ ನಮಗೆ ಒಂದೇ ರಾತ್ರಿಯಲ್ಲಿ ಹೊಲ ಬರಿದಾಗುವ ಕಲ್ಪನೆಯಿಲ್ಲ. ಆದ್ದರಿಂದ ಬಿತ್ತುವ ಮುನ್ನ ದಿನ ಎಣಿಸಿ: ಹೂಕೋಸಿಗೆ 16, ಪಾರ್ಸ್ನಿಪ್‌ಗೆ 24 ಕೊನೆಯ ತಾರೀಖು, ಅದೂ ಒಂದು ದಿನವೂ ನೀರು ತಪ್ಪದಿದ್ದರೆ.

ವಸಂತದ 13ನೆಯ ದಿನ ನಡೆಯುವ ಮೊಟ್ಟೆ ಹಬ್ಬವನ್ನು ಹೊಸಬರು ಬರಿಯ ಮೋಜೆಂದು ತಿಳಿದು ಬರಿಗೈಯಲ್ಲಿ ಹೋಗಿಬರುತ್ತಾರೆ. ಆ ದಿನ ಅಲ್ಲಿನ ಮಳಿಗೆಯಲ್ಲಿ ಸ್ಟ್ರಾಬೆರಿ ಬೀಜ 100 ನಾಣ್ಯಕ್ಕೆ ಸಿಗುತ್ತದೆ. ಎಂಟು ದಿನಕ್ಕೆ ಮೊದಲ ಫಲ, ಆಮೇಲೆ ನಾಲ್ಕು ದಿನಕ್ಕೊಮ್ಮೆ, ಹಣ್ಣೊಂದಕ್ಕೆ 120. ಅಂದೇ ನೆಟ್ಟರೆ 21 ಮತ್ತು 25ರಂದು ಎರಡು ಕೊಯ್ಲು ಸಿಗುತ್ತವೆ, ಮರುದಿನಗಳಿಗೆ ಮುಂದೂಡಿದಷ್ಟೂ ಎರಡನೆಯದು ಕೈತಪ್ಪುವ ಅಪಾಯ ಹೆಚ್ಚುತ್ತದೆ. ಹಬ್ಬ ಮುಗಿಸಿ ಮನೆಗೆ ಬರುವಾಗ ರಾತ್ರಿ ಹತ್ತು ಗಂಟೆಯಾಗಿರುತ್ತದೆ, ಮಲಗಲು ಇನ್ನೂ ನಾಲ್ಕು ಗಂಟೆ ಇದೆ. ಅಂದು ಬೆಳಿಗ್ಗೆಯೇ ನೆಲ ಅಗೆದು, ಖಾಲಿ ಮಡಿಗಳಿಗೂ ನೀರು ಹಾಕಿಟ್ಟು ಹೋಗಿ. ಬಂದು ಬೀಜ ಊರಿದರಾಯಿತು. ಇದಕ್ಕಾಗಿ ಹನ್ನೆರಡನೆಯ ತಾರೀಖಿನೊಳಗೆ ಹಣವನ್ನೆಲ್ಲ ಬೇರೆ ಬೀಜಕ್ಕೆ ಕಳೆಯದೆ ಉಳಿಸಿಕೊಂಡಿರಬೇಕು ಎಂಬುದಷ್ಟೇ ಷರತ್ತು.

ಬೆಳಗಿನ ನೀರುಣಿಕೆ ಮುಗಿದ ಮೇಲೆ ಉಳಿಯುವ ಹೊತ್ತಿಗೆ ಎರಡು ಕೆಲಸಗಳಿವೆ. ಎರಡನೆಯ ದಿನ ಕಡಲತೀರದಲ್ಲಿ ವಿಲ್ಲಿ ಎಂಬ ಮೀನುಗಾರ ಗಾಳದ ಕೋಲು ಕೊಡುತ್ತಾನೆ. ಮೀನು ಹಿಡಿಯುವ ಪುಟ್ಟ ಆಟ ಮೊದಲಿಗೆ ಬಹಳ ಕಷ್ಟ. ಕೈ ಪಳಗುವವರೆಗೆ ಅವನ ಅಂಗಡಿಯಲ್ಲೇ 25 ನಾಣ್ಯಕ್ಕೆ ಸಿಗುವ ಕಲಿಕೆಯ ಕೋಲನ್ನು ಬಳಸಬಹುದು. ಐದನೆಯ ದಿನದಿಂದ ಉತ್ತರದ ಬೆಟ್ಟದ ಗಣಿ ತೆರೆಯುತ್ತದೆ. 120 ಅಂತಸ್ತಿನ ಆ ಗಣಿಯಲ್ಲಿ ಐದು ಅಂತಸ್ತಿಗೊಮ್ಮೆ ಲಿಫ್ಟ್ ನಿಲ್ಲುವುದರಿಂದ, ಒಮ್ಮೆಗೆ ಐದು ಅಂತಸ್ತು ಇಳಿದು ಮನೆಗೆ ಮರಳುವುದೇ ಜಾಣತನ. ಅಲ್ಲಿ ಹುಡುಕಬೇಕಾದದ್ದು ತಾಮ್ರದ ಅದಿರು: ಮೊದಲ ಅದಿರು ಸಿಕ್ಕ ಮರುದಿನ ಕಮ್ಮಾರ ಕ್ಲಿಂಟ್ ಬಂದು ಕುಲುಮೆ ಕಟ್ಟುವ ವಿಧಾನ ಕಲಿಸುತ್ತಾನೆ. 20 ಅದಿರು, 25 ಕಲ್ಲಿಗೆ ಕುಲುಮೆ. ಆಮೇಲೆ ಐದು ಅದಿರು ಮತ್ತು ಒಂದು ಇದ್ದಿಲಿಗೆ ಒಂದು ತಾಮ್ರದ ಗಟ್ಟಿ. ಐದು ಗಟ್ಟಿ ಮತ್ತು 2000 ನಾಣ್ಯ ಕೂಡಿದಾಗ ನೀರಿನ ಕ್ಯಾನನ್ನು ಕ್ಲಿಂಟ್‌ಗೆ ಕೊಟ್ಟರೆ, ಒಮ್ಮೆಗೆ ಮೂರು ಗಿಡಕ್ಕೆ ಸಾಲಾಗಿ ನೀರು ಹಾಯುವ ಕ್ಯಾನು ಎರಡು ದಿನದಲ್ಲಿ ಸಿಗುತ್ತದೆ. ಆ ಎರಡು ದಿನ ಗಿಡಗಳು ಒಣಗಬಾರದಲ್ಲ? ಮನೆಯ ಟಿವಿ ನಾಳೆ ಮಳೆ ಎಂದ ದಿನ ಬೆಳಿಗ್ಗೆ ನೀರುಣಿಸಿ, ಆಮೇಲೆ ಕ್ಯಾನನ್ನು ಒಯ್ದು ಕೊಡಿ.

ಸಮುದಾಯ ಭವನದ ಕಥೆ ಶುರುವಾಗುವುದು ಐದನೆಯ ದಿನ ಅಥವಾ ಅದರ ನಂತರ, ಮಳೆಯಿಲ್ಲದ ಬೆಳಿಗ್ಗೆ ಬಸ್ ನಿಲ್ದಾಣದ ಕಡೆಯಿಂದ ಊರಿಗೆ ಕಾಲಿಟ್ಟಾಗ. ಅಲ್ಲಿಯವರೆಗೆ ಕಾಯದೆ, ಬೆಳೆದ ಪಾರ್ಸ್ನಿಪ್, ಆಲೂಗಡ್ಡೆ, ಹೂಕೋಸು, ಬೀನ್ಸ್ ಇವುಗಳಲ್ಲಿ ಒಂದೊಂದನ್ನು ಮಾರದೆ ಎತ್ತಿಡಿ. ಭವನದ ಉಗ್ರಾಣಕ್ಕೆ ಒಪ್ಪಿಸಬೇಕಾದ ವಸ್ತುಗಳ ಪಟ್ಟಿಗಳೆಲ್ಲ ಮುಗಿದರೆ ಋತುವಿನ ಹಂಗಿಲ್ಲದೆ ಏನನ್ನಾದರೂ ಬೆಳೆಯಬಹುದಾದ ಹಸಿರುಮನೆ ದೊರೆಯುತ್ತದೆ, ಹಾಗಾಗಿ ಆ ನಾಲ್ಕು ತರಕಾರಿಗಳ ಬೆಲೆ ಮಾರಾಟದ ಪೆಟ್ಟಿಗೆಯಲ್ಲಿ ಸಿಗುವ ನಾಣ್ಯಕ್ಕಿಂತ ಹೆಚ್ಚು.

ಊರಿನ ಜನರ ಬಗ್ಗೆ ಹೆಚ್ಚು ಹೇಳಲಾರೆ, ಏಕೆಂದರೆ ಆಟದ ಸ್ವಾರಸ್ಯವೇ ಅದು. ಎದುರಾದವರನ್ನು ಮಾತನಾಡಿಸಿ, ಒಬ್ಬರಿಗೆ ವಾರಕ್ಕೆ ಎರಡು ಉಡುಗೊರೆ ಕೊಡಬಹುದು, ಹುಟ್ಟುಹಬ್ಬದಂದು ಕೊಟ್ಟದ್ದಕ್ಕೆ ಎಂಟು ಪಟ್ಟು ಫಲ. 24ನೆಯ ದಿನದ ಹೂವಿನ ಕುಣಿತದಲ್ಲಿ ಯಾರೂ ಜೊತೆಗೂಡದಿದ್ದರೆ ಬೇಸರ ಬೇಡ, ಅದಕ್ಕೆ ನಾಲ್ಕು ಹೃದಯಗಳ ಸ್ನೇಹ ಬೇಕು ಮತ್ತು ಮೊದಲ ವರ್ಷ ಅದು ಅಪರೂಪ. ಯಾರಿಗೆ ಏನು ಇಷ್ಟ ಎಂಬ ಕೋಷ್ಟಕಗಳು ಅಂತರ್ಜಾಲದಲ್ಲಿ ಧಾರಾಳವಾಗಿವೆ, ದಿನಕ್ಕೆ ಎಷ್ಟು ಲಾಭ ಬರಬೇಕೆಂದು ಲೆಕ್ಕ ಹಾಕಿಕೊಡುವ ವೀಡಿಯೊಗಳೂ ಇವೆ. ಮೊದಲ ಸಲ ಆಡುವಾಗ ಅವನ್ನು ತೆರೆಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ನಾನು ಹೇಳಿದವು ಆಟ ತಾನಾಗಿ ಬಾಯಿಬಿಡದ, ಆದರೆ ಗೊತ್ತಿಲ್ಲದಿದ್ದರೆ ಕಿರಿಕಿರಿಯಾಗುವ ಸಂಗತಿಗಳು. ಊರಿನ ಪೆನ್ನಿ ಎಂಬ ಹುಡುಗಿಗೆ ಯಾವ ಉಡುಗೊರೆ ಪ್ರಿಯವೆಂಬುದು ಆ ಜಾತಿಗೆ ಸೇರಿದ್ದಲ್ಲ, ಅದನ್ನು ಅವಳ ಮಾತಿನಿಂದಲೇ ತಿಳಿಯಬೇಕು. ಆಟಕ್ಕೆ ಕನ್ನಡದ ಆವೃತ್ತಿ ಇಲ್ಲದಿರುವುದರಿಂದ ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳಿಗೆ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಓದಿ ಹೇಳಬೇಕಾಗಬಹುದು. ಒಮ್ಮೆ ಕೊಂಡರೆ ಮತ್ತೆ ಆಟದೊಳಗೆ ಹಣ ಕೇಳುವ ಪದ್ಧತಿ ಇದರಲ್ಲಿಲ್ಲ ಎಂಬುದನ್ನು ತಂದೆತಾಯಿಗಳಿಗಾಗಿ ಸೇರಿಸುತ್ತೇನೆ.

ಇಪ್ಪತ್ತೈದರ ಸ್ಟ್ರಾಬೆರಿ ಕೊಯ್ಲು ಮುಗಿದ ಮೇಲೆ ಹೊಸದಾಗಿ ಬಿತ್ತುವಂಥದ್ದು ಏನೂ ಉಳಿಯುವುದಿಲ್ಲ. ಆ ಕೊನೆಯ ಮೂರು ದಿನ ಗಣಿಗೆ ಹೋಗಿ, ಕಟ್ಟಿಗೆ ಕೂಡಿಸಿ, ಬಂದ ಹಣವನ್ನು ಮುಟ್ಟದೆ ಇಡಿ. ಬೇಸಿಗೆಯ ಮೊದಲ ಬೆಳಿಗ್ಗೆ ಪಿಯರ್‌ನ ಅಂಗಡಿಯಲ್ಲಿ 80 ನಾಣ್ಯಕ್ಕೆ ಬ್ಲೂಬೆರಿ ಬೀಜ ಬಂದಿರುತ್ತದೆ. ಹದಿಮೂರು ದಿನಕ್ಕೆ ಮೊದಲ ಫಲ ಬಿಟ್ಟು, ಆಮೇಲೆ ನಾಲ್ಕು ದಿನಕ್ಕೊಮ್ಮೆ ಗಿಡಕ್ಕೆ ಮೂರರಂತೆ ಹಣ್ಣು ಕೊಡುವ ಅದನ್ನು ಆ ಮೊದಲ ದಿನವೇ ನೆಟ್ಟವರಿಗೆ ಒಟ್ಟು ನಾಲ್ಕು ಕೊಯ್ಲು ಸಿಗುತ್ತವೆ.