ಕಾರು ಬಿಟ್ಟುಕೊಟ್ಟವನು

ನಿನ್ನೆ ರಾತ್ರಿ ನಿದ್ದೆ ಬಾರದೆ ಹಳೆಯ ಕಪ್ಪು-ಬಿಳುಪು ರೇಸಿನ ತುಣುಕೊಂದನ್ನು ನೋಡುತ್ತಾ ಕುಳಿತಿದ್ದೆ. ಇಟಲಿಯ ಮೊಂಜಾ, 1956ರ ಸೆಪ್ಟೆಂಬರ್, ಆ ವರ್ಷದ ಫಾರ್ಮುಲಾ ಒನ್ ಕಾರ್ ರೇಸುಗಳಲ್ಲಿ ಕೊನೆಯ ಗ್ರಾಂಡ್ ಪ್ರಿ. ವಿಶ್ವಪಟ್ಟದ ಅಂಚಿನಲ್ಲಿದ್ದ ಅರ್ಜೆಂಟೀನಾದ ಚಾಲಕ ಫ್ಯಾಂಜಿಯೊನ ಫೆರಾರಿಯ ಸ್ಟಿಯರಿಂಗ್ ಕೈಕೊಟ್ಟಿತು. ಟೈರ್ ಬದಲಿಸಲು ಬಂದ ಅದೇ ತಂಡದ ಮುಸ್ಸೊ ತನ್ನ ಕಾರನ್ನು ಕೊಡಲಿಲ್ಲ, ಹೊರಟೇಹೋದ. (ತಪ್ಪೆನ್ನಲಾರೆ, ಅವನಿಗದು ತವರಿನ ರೇಸು.) ಬಳಿಕ ಬಂದವನು ಅದೇ ತಂಡದ ಇಂಗ್ಲೆಂಡಿನ ಪೀಟರ್ ಕಾಲಿನ್ಸ್. ವಯಸ್ಸು 24. ಅವನಿಗೂ ಪಟ್ಟದ ಆಸೆ ಪೂರ್ತಿ ಬತ್ತಿರಲಿಲ್ಲ. ಆದರೂ ಇಳಿದು ಕಾರು ಕೊಟ್ಟುಬಿಟ್ಟ! ಆಗಿನ ನಿಯಮದಲ್ಲಿ ಹಾಗೆ ಮಾಡಬಹುದಿತ್ತು, ಅಂಕವನ್ನು ಮಾತ್ರ ಇಬ್ಬರೂ ಹಂಚಿಕೊಳ್ಳಬೇಕಿತ್ತು. ರೇಸ್ ಗೆದ್ದವನು ಎದುರಾಳಿ ತಂಡ ಮಸೆರಾಟಿಯ ಮಾಸ್. ಎರಡನೆಯವನಾದ ಫ್ಯಾಂಜಿಯೊಗೆ ನಾಲ್ಕನೇ ವಿಶ್ವಪಟ್ಟ.

ಮುಂದೆಯೂ ಗೆಲ್ಲಬಹುದು, ವಯಸ್ಸಿದೆ ಎಂದುಕೊಂಡಿದ್ದನೇನೋ ಹುಡುಗ. 1958ರಲ್ಲಿ ಜರ್ಮನಿಯ ರೇಸ್ ಟ್ರ್ಯಾಕ್ ನೂರ್ಬರ್ಗ್‌ರಿಂಗ್‌ನ ಅಪಘಾತದಲ್ಲಿ ತೀರಿಕೊಂಡ. ಪಟ್ಟ ಅವನಿಗೆ ಸಿಗಲೇ ಇಲ್ಲ.

ಇಂದು ಬೆಳಿಗ್ಗೆ ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿದೆ. ಹಿಡಿದ ಮೇಲೆ ಕಾಲಿನ್ಸ್ ನೆನಪಾದ. ಸೀಟನ್ನಂತೂ ಬಿಡಲಿಲ್ಲ.